ಮ್ಯಾಲಿನ ಪದರು

ವಾಡಿಯಲ್ಲಿ ಯಾರ ಕಾರಿನ ಬಣ್ಣ ಯಾವುದು ಎಂದು ಯಾರೂ ಕೇಳುವುದಿಲ್ಲ. ಷೋರೂಮಿನಿಂದ ಕೆಂಪಗೆ ಹೊರಟದ್ದು, ನೀಲಿಯಾಗಿ ಹೊರಟದ್ದು, ಕಂತಿನ ಸಾಲದಲ್ಲಿ ಕೊಂಡ ಕಡುಗಪ್ಪಿನದು, ಎಲ್ಲವೂ ವಾರ ತುಂಬುವುದರೊಳಗೆ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಅದು ಪೂರ್ತಿ ಬೂದಿ ಬಣ್ಣವಲ್ಲ, ಬಿಳಿಯೂ ಅಲ್ಲ, ಕಂಪನಿಯ ಕೆಟಲಾಗಿನಲ್ಲಂತೂ ಇಲ್ಲವೇ ಇಲ್ಲ. ನಾನು ಅದಕ್ಕೆ ಧೂಳಾಂಬರಿ ಎಂದು ಹೆಸರಿಟ್ಟುಕೊಂಡಿದ್ದೇನೆ. ಸಂಜೆ ಹಾಡುವ ಯಾವುದೋ ರಾಗದ ಹೆಸರಿರಬೇಕು ಅನಿಸುತ್ತದೆ, ಅಲ್ಲವೆ? ತಹಸೀಲ್ದಾರರ ಜೀಪಿನ ಮೇಲೂ ಹಾಲಿನವನ ಬೈಕಿನ ಮೇಲೂ ಸಮನಾಗಿ ಕೂರುವ ಬಣ್ಣ ಇದೊಂದೇ. ಸಮಾನತೆಯ ಬಗ್ಗೆ ಭಾಷಣ ಮಾಡುವವರು ಒಮ್ಮೆ ನಮ್ಮ ಸ್ಟೇಷನ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಒಂದು ಕಪ್ ಚಹಾ ಕುಡಿದು ಹೋಗಬೇಕು.

ಹಾಗೆಂದು ಧೂಳೆಲ್ಲ ಒಂದೇ ಎಂದು ತಿಳಿಯಬೇಡಿ. ಇಲ್ಲಿ ಬಾಳಿದವರಿಗೆ ಅದರ ಕುಲಗೋತ್ರ ಗೊತ್ತಿರುತ್ತದೆ. ವಾಡಿ, ಶಹಾಬಾದ್ ಕಡೆಯದು ಬಿಳಿ, ಬಲು ನವಿರು, ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುವಷ್ಟು ಸಲಿಗೆಯದು. ಸೇಡಂ ಕಡೆ ಮಳೆಗಾಲದಲ್ಲಿ ಹೋದರೆ ಎರೆಮಣ್ಣು. ಅದು ಹಾರುವುದಿಲ್ಲ, ಕಚ್ಚುತ್ತದೆ. ಗಾಲಿಗೆ ಮೆತ್ತಿ ಮೆತ್ತಿ ಕಾರನ್ನೇ ಎರಡು ಬೆರಳು ಎತ್ತರ ಮಾಡುತ್ತದೆ. ಚಿಂಚೋಳಿ ದಾಟಿ ಚಂದ್ರಂಪಳ್ಳಿಯ ಕಾಡಿನ ಕಡೆ ಏರಿದರೆ ಮಣ್ಣಿಗೆ ಕೆಂಪು ಏರುತ್ತದೆ. ಚಿತ್ತಾಪುರದ್ದು ಇವೆಲ್ಲವುಗಳ ಮಿಶ್ರಣ, ತಾಲೂಕು ಕಚೇರಿಗೆ ಎಲ್ಲ ಕಡೆಯಿಂದ ಜನ ಬರುತ್ತಾರಲ್ಲ, ಹಾಗಾಗಿ ಇರಬಹುದು. ಮಡ್‌ಗಾರ್ಡಿನ ಒಳಬದಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಕಪ್ಪು, ಬಿಳಿ, ಕೆಂಪು ಪದರುಗಳು ಹೆಂಟೆ ಹೆಂಟೆಯಾಗಿ ಉದುರುತ್ತವೆ. ನಾನು ಬರೆಯಬೇಕೆಂದು ಬಹಳ ವರ್ಷದಿಂದ ಅಂದುಕೊಂಡಿರುವ ಪ್ರವಾಸಕಥನ ಅಲ್ಲಿ ಆಗಲೇ ಸಿದ್ಧವಾಗಿದೆ.

ಇಂಥ ಧೂಳಿನ ಕೆಳಗೆ ನನ್ನ ಕಾರಿನ ಬಣ್ಣ ಬಿಡತೊಡಗಿದ್ದು ನನಗಿಂತ ಮೊದಲು ಪಕ್ಕದ ಮನೆಯ ಹುಡುಗರಿಗೆ ಗೊತ್ತಾಯಿತು. ಮೊದಲು ಟಾಪಿನ ಮೇಲೆ ಒಂದು ಮಸುಕು ಮಚ್ಚೆ. ಮಚ್ಚೆ ಹಿಗ್ಗಿ ಭೂಪಟವಾಯಿತು, ಭೂಪಟಕ್ಕೆ ದ್ವೀಪಗಳು ಹುಟ್ಟಿದವು, ದ್ವೀಪಗಳು ಬಾನೆಟ್ಟಿಗೆ ಇಳಿದವು. ಅಂಚಿನಲ್ಲಿ ಎದ್ದ ಬಿಳಿ ಗೆರೆಯ ಕೆಳಗೆ ಉಗುರು ತೂರಿಸಿದರೆ ಹುರಿದ ಶೇಂಗಾದ ಸಿಪ್ಪೆಯಂತೆ ಸಲೀಸಾಗಿ ಬಿಟ್ಟು ಬರುತ್ತಿತ್ತು. ಬಿಸಿಲಿಗೆ ಹಿಡಿದು ನೋಡಿದರೆ ಅದಕ್ಕೆ ಬಣ್ಣವೇ ಇಲ್ಲ! ತುಸು ಹಳದಿಗೆ ತಿರುಗಿದ, ಆಚೆಯ ಬೇವಿನ ಮರ ಕಾಣುವಷ್ಟು ತಿಳಿಯಾದ ಹಾಳೆ. ಕೆಂಪು ಕಾರಿನ ಮೈಯಿಂದ ಬಣ್ಣವಿಲ್ಲದ ಸಿಪ್ಪೆ ಸುಲಿದು ಬರುವುದೆಂದರೇನು, ಹಾಗಾದರೆ ಇಷ್ಟು ದಿನ ಮಿಂಚುತ್ತಿದ್ದದ್ದು ಯಾರು ಎಂಬ ಪ್ರಶ್ನೆ ಹಿಡಿದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ.

ಸುಲಿಯುವುದರಲ್ಲಿ ಒಂದು ಸುಖವಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮನೆಗೆ ಬಂದವರು ಅಂಗಳದಲ್ಲಿ ನಿಂತು ಮಗಳ ಮದುವೆ, ತೊಗರಿಯ ರೇಟು, ಮೊಣಕಾಲಿನ ನೋವು ಮಾತಾಡುತ್ತ ಮಾತಾಡುತ್ತ ಕಾರಿಗೆ ಒರಗುತ್ತಾರೆ. ಕೈ ತಾನಾಗಿ ಅಂಚನ್ನು ಹುಡುಕುತ್ತದೆ. ತೊಗರಿಯ ರೇಟು ಮುಗಿಯುವ ಹೊತ್ತಿಗೆ ಅಂಗೈಯಗಲ ಸುಲಿದಿರುತ್ತದೆ. ತುಂಡಾಗದಂತೆ ಉದ್ದಕ್ಕೆ ಎಳೆಯುವುದು ಒಂದು ಕಲೆ. ನಮ್ಮ ಓಣಿಯಲ್ಲಿ ಅದರ ನಿಷ್ಣಾತರು ಒಬ್ಬ ನಿವೃತ್ತ ಗಾರ್ಡ್ ಸಾಹೇಬರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿಗೆ ಹೊರಟಾಗಿನಿಂದ ನಮ್ಮ ಊರು ಜಂಕ್ಷನ್. ಬಂದ ರೈಲು ಹೋಗುವವರೆಗೆ ಕೈಗೆ ಏನಾದರೂ ಕೆಲಸ ಕೊಟ್ಟು ಕಾಯುವುದು ಇಲ್ಲಿಯವರಿಗೆ ರಕ್ತಗತ.

ಕಲಬುರಗಿಯ ಒಂದು ಸರ್ವಿಸ್ ಸೆಂಟರಿಗೆ ಒಯ್ದೆ. ಗಾಜಿನ ಕೋಣೆ, ತಣ್ಣನೆ ಗಾಳಿ, ಟೈ ಕಟ್ಟಿದ ಹುಡುಗ. ಅವನು ಕಾರಿನ ಸುತ್ತ ಪ್ರದಕ್ಷಿಣೆ ಬಂದು, ಫೋಟೋ ತೆಗೆದು, ‘ಇದು ಎನ್ವಿರಾನ್‌ಮೆಂಟಿಂದ ಸರ್’ ಅಂದ. ವಾರಂಟಿ ಪುಸ್ತಕದ ಸಣ್ಣಕ್ಷರವನ್ನೂ ತೋರಿಸಿದ: ಹಕ್ಕಿಯ ಹಿಕ್ಕೆ, ಮರದ ಅಂಟು, ಕಾರ್ಖಾನೆಯ ಧೂಳು, ಬಿಸಿಲು, ಇವು ಯಾವುವಕ್ಕೂ ಕಂಪನಿ ಹೊಣೆಯಲ್ಲ. ಓದಿ ನೋಡಿದರೆ ನನ್ನ ವಿಳಾಸವನ್ನೇ ಬಿಡಿಸಿ ಬರೆದಂತಿತ್ತು. ಹಕ್ಕಿ, ಮರ, ಧೂಳು, ಬಿಸಿಲು ಕಳೆದರೆ ವಾಡಿಯಲ್ಲಿ ಉಳಿಯುವುದು ರೈಲ್ವೆ ಪ್ಲಾಟ್‌ಫಾರಂ ಮಾತ್ರ. ಎಸ್ಟಿಮೇಟಿನ ಮೊತ್ತ ನೋಡಿ, ಅವನು ಕೊಟ್ಟ ನೀರು ಕುಡಿದು, ನಮಸ್ಕಾರ ಹೇಳಿ ಬಂದೆ.

ಕಡೆಗೆ ಕಾರು ಹೋಗಿ ನಿಂತದ್ದು ಶಹಾಬಾದ್ ರಸ್ತೆಯ ಒಂದು ತಗಡಿನ ಷೆಡ್ಡಿನಲ್ಲಿ. ಅಲ್ಲಿ ಬೋರ್ಡಿಲ್ಲ, ಟೈ ಇಲ್ಲ, ಒಂದು ಕಂಪ್ರೆಸರು, ಎರಡು ಸ್ಪ್ರೇ ಗನ್ನು, ಥಿನ್ನರಿನ ಘಾಟು, ಒಬ್ಬ ಉಸ್ತಾದರು. ಉಸ್ತಾದರು ಬಣ್ಣ ನೋಡಲಿಲ್ಲ. ಕಣ್ಣು ಬೇರೆಡೆಗೆ ತಿರುಗಿಸಿ, ಅಂಗೈಯನ್ನು ಬಾನೆಟ್ಟಿನ ಮೇಲೆ ಮೆಲ್ಲಗೆ ಎಳೆದರು, ವೈದ್ಯರು ನಾಡಿ ಹಿಡಿಯುವ ಗಾಂಭೀರ್ಯದಲ್ಲಿ.

‘ಸರ್, ಇದು ಕಲರ್ ಹೋಗಿಲ್ರಿ. ಮ್ಯಾಲಿನ ಕ್ಲಿಯರ್ ಹೋಗ್ಯಾದ.’

‘ಅದು ಹೋದರ ಏನಾಗ್ತದ ಉಸ್ತಾದ್?’

‘ಕಲರಿಗಿ ಬಿಸಿಲು ತಾಳೋ ತಾಕತ್ ಇಲ್ರಿ. ಮ್ಯಾಲಿನವ ಇರೋ ತನಕ ಕೆಳಗಿನವನ ಮರ್ಯಾದಿ.’

ಈ ಒಂದು ಮಾತಿನ ಮೇಲೆ ಮಠದಲ್ಲಿ ಒಂದು ತಿಂಗಳು ಪ್ರವಚನ ನಡೆಸಬಹುದು. ಅವರು ಮಾತ್ರ ಅಷ್ಟು ಹೇಳಿ ಎಮರಿ ಪೇಪರು ನೀರಲ್ಲಿ ಅದ್ದಿದರು.

ಆಮೇಲೆ ತಿಳಿದುಕೊಂಡ ವಿಷಯ ಹೀಗೆ. ಈಗಿನ ಕಾರಿನ ಬಣ್ಣವೆಲ್ಲ ಸೇರಿ ದಪ್ಪ ನೂರು ಮೈಕ್ರಾನಿನ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ದುಡ್ಡು ಕೊಟ್ಟು ಆರಿಸಿದ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾವು ಆರಿಸಿದ್ದು ನಾಲ್ಕರಲ್ಲಿ ಎಲ್ಲಕ್ಕಿಂತ ತೆಳು, ಅದು ಬೇರೆ ಮಾತು. ಬಿಸಿಲಿನ ನೇರಳಾತೀತ ಕಿರಣ ಕ್ಲಿಯರಿನ ಅಣುಸರಪಳಿಯನ್ನು ವರ್ಷಗಟ್ಟಲೆ ಕಡಿಯುತ್ತದೆ, ಬಣ್ಣಕ್ಕೂ ಅದಕ್ಕೂ ಇರುವ ಹಿಡಿತ ಸಡಿಲಾಗುತ್ತದೆ. ಇಲ್ಲಿ ಬಂದು ಕೂರುವ ಸಿಮೆಂಟಿನ ಧೂಳು ಕ್ಷಾರಗುಣದ್ದು. ಚಳಿಗಾಲದ ಇಬ್ಬನಿ ಅದಕ್ಕೆ ಬಿದ್ದರೆ ಅದು ತನ್ನ ಹುಟ್ಟುಗುಣ ತೋರಿಸಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಒರೆಸಿದರೆ ಆ ಬಟ್ಟೆಯೇ ಎಮರಿ ಪೇಪರು. ಮೇ ತಿಂಗಳಲ್ಲಿ ನೆರಳಿನ ತಾಪವೇ 42, 43 ಆದಾಗ ಬಿಸಿಲಲ್ಲಿ ನಿಂತ ತಗಡು 70 ಮುಟ್ಟುತ್ತದೆ. ದೊಡ್ಡ ಊರುಗಳ ಬಾಡಿ ಷಾಪಿನಲ್ಲಿ ಹೊಸ ಬಣ್ಣ ಒಣಗಿಸಲು 60 ಡಿಗ್ರಿಯ ಓವನ್ ಇಟ್ಟಿರುತ್ತಾರೆ, ಅದಕ್ಕೆ ಬೇರೆ ಚಾರ್ಜು. ‘ನಮ್ಮ ಓವನ್ ಮ್ಯಾಲೆ ಅದರಿ’ ಎಂದು ಉಸ್ತಾದರು ಆಕಾಶಕ್ಕೆ ಕೈ ಮಾಡಿದರು. ಒಣಗಿಸುವವನೂ ಅವನೇ, ಸುಲಿಯುವವನೂ ಅವನೇ.

ಎಮರಿ ಪೇಪರು ನೀರು ಕುಡಿಯುತ್ತ ವೃತ್ತಾಕಾರವಾಗಿ ತಿರುಗುತ್ತಿದ್ದಾಗ ಕಂಡ ನೋಟ ಕಂಪನಿಯ ಯಾವ ಜಾಹೀರಾತಿನಲ್ಲೂ ಸಿಗದು. ಗಾಯದ ಅಂಚನ್ನು ಇಳಿಜಾರಾಗಿ ಸವೆಸುತ್ತ ಹೋದಂತೆ ಉಂಗುರಗಳು ಅರಳಿದವು: ಹೊರಗೆ ಮಬ್ಬು ಕ್ಲಿಯರ್, ಒಳಗೆ ಕೆಂಪು, ಇನ್ನೂ ಒಳಗೆ ಬೂದಿ, ನಡುವೆ ಹೊಳೆವ ತಗಡಿನ ಚುಕ್ಕೆ. ಕಪ್ಪು ನೀರು, ಕೆಂಪು ನೀರು ಬಾಗಿಲಗುಂಟ ಇಳಿಯುತ್ತಿತ್ತು. ಎಡಗಡೆಯ ಹಿಂದಿನ ಬಾಗಿಲಿಗೆ ಬಂದಾಗ ಉಂಗುರಗಳು ಹೆಚ್ಚಾದವು. ಕೆಂಪಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಮತ್ತೆ ಕ್ಲಿಯರ್, ಅದರ ಕೆಳಗೆ ಅಚ್ಚ ಬಿಳಿ! ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಾರಿನ ಆ ಬಾಗಿಲು ಹಿಂದಿನ ಜನ್ಮದಲ್ಲಿ ಯಾವುದೋ ಬಿಳಿ ಕಾರಿನ ಅಂಗ. ಉಸ್ತಾದರು ನಕ್ಕರು, ನನ್ನನ್ನಲ್ಲ, ಬಾಗಿಲನ್ನು ನೋಡಿ. ‘ಹಳೇ ಗುರುತು ಸಿಕ್ಕಾಂಗಾತು’ ಎಂದರು.

ಷೆಡ್ಡಿನ ಗೋಡೆಯತ್ತ ಕಣ್ಣು ಹೋಯಿತು. ಗೋಡೆಯೆಂದರೆ ನಿಲ್ಲಿಸಿದ ಫರಸಿ ಕಲ್ಲುಗಳು. ನಮ್ಮಲ್ಲಿ ಬೇಲಿಗೆ, ದನದ ಕೊಟ್ಟಿಗೆಗೆ, ಮಾಡಿಗೆ, ನೆಲಹಾಸಿಗೆ ಎಲ್ಲದಕ್ಕೂ ಅದೇ. ಶಹಾಬಾದ್ ಕಲ್ಲು ಎಂದು ಹೈದರಾಬಾದು, ಮುಂಬಯಿಗಳ ಮನೆಗಳಲ್ಲಿ ಜನ ಬರಿಗಾಲಲ್ಲಿ ತುಳಿದು ತಂಪು ಅನುಭವಿಸುವುದೂ ಅದನ್ನೇ. ಗಣಿಯಲ್ಲಿ ಅದನ್ನು ಕಡಿಯುವುದಿಲ್ಲ, ಬಿಡಿಸುತ್ತಾರೆ. ಪದರಿನ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಮೆತ್ತಗೆ ತಟ್ಟಿ, ಹಾರೆ ಹಾಕಿ ಮೀಟಿದರೆ ಒಂದಿಂಚು, ಎರಡಿಂಚು ದಪ್ಪದ ಹಲಗೆ ಅಖಂಡವಾಗಿ ಏಳುತ್ತದೆ. ತುಂಡಾಗದಂತೆ ಉದ್ದಕ್ಕೆ ಎಬ್ಬಿಸುವುದು ಅಲ್ಲೂ ಒಂದು ಕಲೆ. ನಮ್ಮ ಗಾರ್ಡ್ ಸಾಹೇಬರು ಹವ್ಯಾಸಕ್ಕೆ ಮಾಡುವುದನ್ನು ಇಲ್ಲಿಯ ಸಾವಿರಾರು ಜನ ಹೊಟ್ಟೆಪಾಡಿಗೆ ಮಾಡುತ್ತಾರೆ.

ಇನ್ನೂ ದೊಡ್ಡ ಬಾಡಿ ಷಾಪಿನ ಕಥೆ ಈ ಕಲ್ಲಿನ ಹಿಂದಿದೆ. ಕಾಗಿಣಾ ನದಿಯ ಎರಡೂ ಬದಿಯ ಈ ಸುಣ್ಣಕಲ್ಲು ಭೀಮಾ ಕೊಳ್ಳದ್ದು. ನೆಲದ ಮೇಲೆ ಪ್ರಾಣಿಗಳು ಕಾಲಿಡುವ ಮುಂಚೆ, ಆಳವಿಲ್ಲದ ಕಡಲಿನ ತಳದಲ್ಲಿ ಕೆಸರು ಪದರ ಮೇಲೆ ಪದರ ಕೂತು ಗಟ್ಟಿಯಾದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಲಾವಾ ಹರಿದು ಬಂದು ಅದರ ಮೇಲೆ ಕರಿಕಲ್ಲಿನ ಕೋಟು ಹೊಡೆಯಿತು. ಕಲಬುರಗಿ ಈಗಲೂ ಆ ಕೋಟಿನ ಮೇಲೆ ಕೂತಿದೆ. ದಕ್ಷಿಣಕ್ಕೆ ಬಂದಂತೆ ಮಳೆ, ಗಾಳಿ, ಬಿಸಿಲು ಸೇರಿ ಅದನ್ನು ಸವೆಸಿ ಒಯ್ದವು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ಕೆಳಗಿನ ಸುಣ್ಣಕಲ್ಲು ಬಯಲಿಗೆ ಬಂತು. ಚಿಂಚೋಳಿಯ ಗುಡ್ಡಗಳಲ್ಲಿ ಕೋಟು ಇನ್ನೂ ಉಳಿದಿದೆ. ಎನ್ವಿರಾನ್‌ಮೆಂಟಿಂದ ಸರ್! ಅಂದರೆ ನಮ್ಮ ಸೀಮೆಗೇ ಮ್ಯಾಲಿನ ಕ್ಲಿಯರ್ ಹೋಗಿದೆ. ಹೋದದ್ದಕ್ಕೇ ಇಲ್ಲಿ ಫರಸಿ ಸಿಕ್ಕಿತು, ನಿಜಾಮರ ಕಾಲದಲ್ಲೇ ಶಹಾಬಾದಿಗೆ ಸಿಮೆಂಟು ಬಂತು, ಸೇಡಂ, ವಾಡಿಗಳಲ್ಲಿ ಸುಣ್ಣಕಲ್ಲನ್ನು 1450 ಡಿಗ್ರಿಯಲ್ಲಿ ಸುಡುವ ಗೂಡುಗಳು ಎದ್ದವು. ಆ ಗೂಡುಗಳ ಸೀಮೆಯ ಧೂಳು ಬಂದು ಕೂತು ನನ್ನ ಕಾರಿನ ಪದರನ್ನು ಎಬ್ಬಿಸಿತು. ನೆಲ ತನ್ನ ಚಾಳಿಯನ್ನು ಕಾರಿಗೂ ಕಲಿಸಿತು ಅನ್ನಬೇಕಷ್ಟೆ. ಚಾಳಿಗೆ ವಾರಂಟಿ ಯಾರು ಕೊಟ್ಟಾರು?

ಹಾಗೆ ಯೋಚಿಸುತ್ತಾ ಮಳಖೇಡದ ಕೋಟೆ ನೆನಪಾಯಿತು. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗದ ಊರು. ಅದರ ಗೋಡೆಗಳೂ ಇದೇ ಕಲ್ಲಿನವು. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಶೋಕ ಚಕ್ರವರ್ತಿ ರಾಣಿಯೊಡನೆ ನಿಂತಿರುವುದೂ ಸುಣ್ಣಕಲ್ಲಿನ ಹಲಗೆಯಲ್ಲಿ, ಜೊತೆಗೆ ಹೆಸರನ್ನೂ ಕೆತ್ತಿದ್ದಾರೆ. ಚಕ್ರವರ್ತಿಗೆ ಯಾರೂ ಕ್ಲಿಯರ್ ಕೋಟ್ ಹೊಡೆದಿಲ್ಲ. ಎರಡು ಸಾವಿರ ವರ್ಷದ ಹತ್ತಿರ ಹತ್ತಿರ ಇದ್ದಾನೆ. ಅದರಲ್ಲಿ ಬಹುಪಾಲು ಮಣ್ಣಿನಡಿ ನೆರಳಿನಲ್ಲಿ ಕಳೆದ ಎಂಬುದನ್ನು ಉಸ್ತಾದರು ಖಂಡಿತ ಎತ್ತಿ ಹೇಳುತ್ತಿದ್ದರು.

ಬಣ್ಣ ಹೊಡೆಯುವ ಮುಂಚೆ ಗಾಜಿಗೆ, ಗಾಲಿಗೆ, ಹಿಡಿಕೆಗೆ ಹಳೆಯ ಪೇಪರು ಅಂಟಿಸುತ್ತಾರೆ. ಓದುವ ಚಟದವನಿಗೆ ಇದಕ್ಕಿಂತ ದೊಡ್ಡ ಕಾಟ, ಇದಕ್ಕಿಂತ ದೊಡ್ಡ ಹಬ್ಬ ಬೇರೆ ಇಲ್ಲ. ಮುಂದಿನ ಗಾಜಿನ ತುಂಬ ಕನ್ನಡ, ಹಿಂದಿನ ಗಾಜಿನ ತುಂಬ ಉರ್ದು, ಎಡಗಡೆಯ ಕಿಟಕಿಗೆ ತೆಲುಗು ಸಿನಿಮಾ ಪುರವಣಿ. ನಮ್ಮ ಜಿಲ್ಲೆಯ ಬಾಯಿ ಕಾರಿನ ಸುತ್ತ ತೆರೆದುಕೊಂಡಿತ್ತು. ಒಂದು ಸುದ್ದಿ ವೈಪರಿನ ಕೆಳಗೆ ಹೋಗಿ ‘ಮುಂದುವರಿದುದು 5ನೇ ಪುಟಕ್ಕೆ’ ಎಂದಿತು. 5ನೇ ಪುಟ ಎಲ್ಲಿ ಎಂದು ಕುಕ್ಕರಗಾಲಲ್ಲಿ ಕೂತು ನಾಲ್ಕೂ ಗಾಲಿ ಹುಡುಕಿದೆ. ಆ ಹಳ್ಳಿಯ ಬಾವಿಗೆ ನೀರು ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಡೆಯುವ ಘಳಿಗೆಯನ್ನು ಉಸ್ತಾದರು ಪಂಚಾಂಗದವರಿಗಿಂತ ಬಿಗಿಯಾಗಿ ಇಡುತ್ತಾರೆ. ಇಬ್ಬನಿ ಆರಿರಬೇಕು, ಗಾಳಿ ಎದ್ದಿರಬಾರದು, ರಸ್ತೆಯ ಮೇಲೆ ಲಾರಿಗಳ ಸಾಲು ಹತ್ತಿರಬಾರದು. ಷೆಡ್ಡಿನ ನೆಲಕ್ಕೆ ಕೊಡಗಟ್ಟಲೆ ನೀರು ಚೆಲ್ಲಿ ಧೂಳನ್ನು ಮಲಗಿಸಿದರು. ಕಲರ್ ಕೋಡ್ ಹಾಕಿ ಕಲಸಿದ ಕೆಂಪನ್ನು ನೇರ ಹೊಡೆಯಲಿಲ್ಲ. ‘ಕೋಡ್ ಹೊಸಾ ಕಾರಿಂದು, ನಿಮ್ಮ ಕಾರು ಬಿಸಿಲು ಕಂಡದ್ದು’ ಎಂದು ಒಂದು ಹನಿ ಕಪ್ಪು, ತುಸು ಹಳದಿ ಬೆರೆಸಿ, ಪಟ್ಟಿಗೆ ಹೊಡೆದು, ಹೊರಗೆ ಬಿಸಿಲಿಗೆ ಒಯ್ದು, ಮತ್ತೆ ನೆರಳಿಗೆ ತಂದು ನೋಡಿದರು. ಟ್ಯೂಬ್‌ಲೈಟಿನಲ್ಲಿ ಒಂದಾದ ಎರಡು ಕೆಂಪು ಬಿಸಿಲಿನಲ್ಲಿ ಬೇರೆಯಾಗುತ್ತವಂತೆ. ಗನ್ನು ಸುಂಯ್ ಎಂದು ಹೋಗಿ ಬಂದು, ಕೊನೆಗೆ ಕ್ಲಿಯರ್ ಬಿದ್ದಾಗ ಬಾನೆಟ್ಟಿನಲ್ಲಿ ಷೆಡ್ಡಿನ ತಗಡು, ತೊಲೆ, ನನ್ನ ಬಗ್ಗಿದ ಮುಖ ಎಲ್ಲ ತೇಲಿದವು. ಎಲ್ಲಿಂದಲೋ ಬಂದ ಒಂದು ಸೊಳ್ಳೆ ನೇರ ಹೋಗಿ ಅದರಲ್ಲಿ ಇಳಿಯಿತು. ತೆಗೆಯಲೇ ಎಂದರು, ಬೇಡವೆಂದೆ. ಸುಣ್ಣಕಲ್ಲಿಗೆ ಸಿಗದ ಪಳೆಯುಳಿಕೆ ನನ್ನ ಕಾರಿಗೆ ಸಿಕ್ಕಿದೆ.

ಗ್ಯಾರಂಟಿ ಕೇಳಿದೆ. ‘ನೆರಳಿನಾಗ ಇಟ್ರ ಐದು ವರ್ಷ ನಂದು. ಬಿಸಿಲಿನಾಗ ಇಟ್ರ ಬಿಸಿಲಿಂದು’ ಎಂದರು ಉಸ್ತಾದರು. ಸರ್ವಿಸ್ ಸೆಂಟರಿನ ಪುಸ್ತಕವೂ ಇದನ್ನೇ ಹೇಳಿತ್ತು, ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಕೆಲಸ ಒಳ್ಳೆಯದು, ಬಾಗಿಲ ಕೆಂಪೂ ಬಾನೆಟ್ಟಿನ ಕೆಂಪೂ ಒಂದೇ. ಗಾರ್ಡ್ ಸಾಹೇಬರು ಬಂದು ಬೆರಳಾಡಿಸಿ ಅಂಚು ಸಿಗದೆ ಬೇಸರದಿಂದ ಹೋದರು. ಈಗ ನನಗೆ ಬೇಕಾಗಿರುವುದು ನೆರಳೊಂದೇ. ವಾಡಿ ಸ್ಟೇಷನ್ನಿನ ಆಸುಪಾಸಿನಲ್ಲಿ, ಕಾಗೆ ಕೂರುವ ಬೇವಿನ ಮರವಿಲ್ಲದ, ತಗಡಿನ ಮಾಡಿರುವ, ಒಂದು ಸಣ್ಣ ಕಾರು ಹಿಡಿಯುವಷ್ಟು ಜಾಗ ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಾಡಿಗೆ ತಿಂಗಳಿಗೆ ಸರಿಯಾಗಿ ಕೊಡುತ್ತೇನೆ.