‘ಇವತ್ತ್ ಬ್ಯಾಡ’ ಅನ್ನುವ ದೋಣಿಯವರನ್ನು ಹುಡುಕಿ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಒಂದು ಬಗೆಯ ಕರೆ ಶುರುವಾಗುತ್ತದೆ. “ಗಾಳ ಹಾಕಲಿಕ್ಕೆ ಬರಬೇಕು ಅಂತ ಇದ್ದೇವೆ, ನಿಮ್ಮ ಕಡೆ ಯಾರಾದರೂ ದೋಣಿಯವರು ಗೊತ್ತಾ?” ನಾನು ಕುಂದಾಪುರ ಕಡೆಯಿಂದ ಪತ್ರಿಕೆಗೆ ಸುದ್ದಿ ಕಳಿಸುವವನು. ನನ್ನ ಜೊತೆ ಡಿಪ್ಲೊಮಾ ಓದಿದವರು ಹಾವೇರಿ, ಗದಗ, ದಾವಣಗೆರೆ ಅಂತ ಹಂಚಿಹೋಗಿದ್ದಾರೆ. ಅವರು, ಅವರ ತಮ್ಮಂದಿರು, ಅವರ ಊರಿನ ಹುಡುಗರು, ಎಲ್ಲರಿಗೂ ಯೂಟ್ಯೂಬ್ ನೋಡಿ ಕಡಲಲ್ಲಿ ಗಾಳ ಹಾಕುವ ಆಸೆ.

ಕೇಳುವುದು ಎರಡೇ ಪ್ರಶ್ನೆ. ಎಷ್ಟಾಗುತ್ತದೆ? ಮೀನು ಸಿಗುತ್ತದಾ?

ಮೂರನೆಯದೊಂದು ಪ್ರಶ್ನೆ ಇದೆ, ಅದನ್ನು ಕೇಳಿದವರು ಇಷ್ಟು ವರ್ಷಗಳಲ್ಲಿ ಒಬ್ಬರೋ ಇಬ್ಬರೋ. “ಆ ದಿನ ದೋಣಿಯವರೇ ಹೋಗೋದು ಬೇಡ ಅಂದರೆ ಹಣ ಏನಾಗುತ್ತದೆ?” ಈ ಪ್ರಶ್ನೆಗೆ ಸಿಗುವ ಉತ್ತರ ನೋಡಿಯೇ ನಾನು ದೋಣಿ ಗೊತ್ತುಮಾಡುವುದು. ಯಾಕೆ ಅಂತ ಹೇಳುತ್ತೇನೆ.

ಮೊದಲು, ಇದು ಯಾವ ಥರದ ಪ್ರವಾಸ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಆಳ ಸಮುದ್ರದ ಮೀನುಗಾರಿಕೆ ಅಲ್ಲ. ಸಣ್ಣ ಫೈಬರ್ ದೋಣಿ, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್, ಇಬ್ಬರಿಂದ ನಾಲ್ಕು ಜನ ಅತಿಥಿಗಳು, ಒಬ್ಬ ದೋಣಿಯವರು. ನಾಲ್ಕೈದು ಗಂಟೆ ಹೊಳೆಬಾಯಿಯಲ್ಲಿ, ಕಾಂಡ್ಲಾ ಗಿಡಗಳ ಅಂಚಿನಲ್ಲಿ, ಕಡಲು ಸುಮ್ಮನಿದ್ದರೆ ಅಳಿವೆ ದಾಟಿ ದಡ ಕಾಣುವಷ್ಟು ದೂರದ ಬಂಡೆಗಳ ಹತ್ತಿರ. ರಾಡು, ರೀಲು, ತಂಗೂಸಿ, ಮೀನಿಗೆ ಹಾಕುವ ಚಟ್ಲಿ, ಎಲ್ಲ ಅವರದ್ದೇ. ಮರಳು ಇದ್ದಲ್ಲಿ ಕಾಣೆ, ಕಲ್ಲು ಇದ್ದಲ್ಲಿ ಮುರು ಮತ್ತು ಕೆಂಬೇರಿ. ಅದೃಷ್ಟ ಇಲ್ಲದ ದಿನ ಬರೀ ಬಿಸಿಲು.

ದರ ಊರಿಂದ ಊರಿಗೆ ಬೇರೆ. ನಾನು ಜನರನ್ನು ಕಳಿಸುವ ದೋಣಿಯವರು ಅರ್ಧ ದಿನಕ್ಕೆ 4,000 ರೂಪಾಯಿ ತೆಗೆದುಕೊಳ್ಳುತ್ತಾರೆ, ಅದು ತಲೆಗಲ್ಲ, ಇಡೀ ದೋಣಿಗೆ. ಒಬ್ಬರೇ ಬಂದರೂ ಅಷ್ಟೇ, ನಾಲ್ವರು ಬಂದರೂ ಅಷ್ಟೇ. ಐದನೆಯವರನ್ನು ಹತ್ತಿಸುವುದಿಲ್ಲ. ಬುಕ್ ಮಾಡುವಾಗ ದರ ತಲೆಗೋ ದೋಣಿಗೋ ಅಂತ ಕೇಳಿ. ತಲೆಗೆ ಲೆಕ್ಕ ಹಾಕುವ ಕಡೆ ಇನ್ನೊಂದು ತಲೆ ಹತ್ತಿಸುವ ಆಸೆ ಯಾವಾಗಲೂ ಇರುತ್ತದೆ.

ಹೊತ್ತನ್ನು ನೀವು ತೀರ್ಮಾನಿಸುವಂತಿಲ್ಲ. “ಭಾನುವಾರ ಹತ್ತು ಗಂಟೆಗೆ ತಿಂಡಿ ಮುಗಿಸಿ ಬರ್ತೇವೆ” ಅನ್ನುವವರಿದ್ದಾರೆ. ಮೀನು ನಿಮ್ಮ ತಿಂಡಿಗೆ ಕಾಯುವುದಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಉಬ್ಬರದ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಉಬ್ಬರ ಇದ್ದರೆ, ಮುಂದಿನ ಭಾನುವಾರ ಅದೇ ಆರಕ್ಕೆ ಹೆಚ್ಚುಕಡಿಮೆ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಮೆತ್ತಗೆ. ಹಾಗಾಗಿ ಒಳ್ಳೆಯ ದೋಣಿಯವರು ನಿಮ್ಮ ತಾರೀಕು ಕೇಳಿದ ಕೂಡಲೇ ಹ್ಞೂಂ ಅನ್ನುವುದಿಲ್ಲ. ಕ್ಯಾಲೆಂಡರ್ ನೋಡುತ್ತಾರೆ, ಆಮೇಲೆ “ಐದೂವರೆಗೆ ಧಕ್ಕೆಯಲ್ಲಿ ಇರಿ” ಅನ್ನುತ್ತಾರೆ.

ಇನ್ನು ಅಳಿವೆ. ಘಟ್ಟದ ಮೇಲಿನವರಿಗೆ ಈ ಮಾತು ಹೊಸದು ಇರಬಹುದು. ಹೊಳೆ ಕಡಲಿಗೆ ಸೇರುವ ಬಾಯಿಯೇ ಅಳಿವೆ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳ ನೀರು ಒಂದೇ ಬಾಯಿಯಲ್ಲಿ ಕಡಲಿಗೆ ಹೋಗುತ್ತದೆ, ಅದಕ್ಕೇ ಪಂಚಗಂಗಾವಳಿ ಅನ್ನುವುದು. ಹೊಳೆ ತಂದ ಮರಳು ಅಳಿವೆಬಾಯಿಯಲ್ಲಿ ದಿಬ್ಬ ಕಟ್ಟುತ್ತದೆ. ಆಳದಿಂದ ಬಂದ ತೆರೆಗೆ ದಿಬ್ಬದ ಮೇಲೆ ಜಾಗ ಸಾಲದೆ ಎತ್ತರಕ್ಕೆ ಎದ್ದು ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ತೆರೆ ಬಂದರಂತೂ ಕೇಳಬೇಡಿ. ಸಣ್ಣ ದೋಣಿಗಳು ಮಗುಚುವುದು ಹೆಚ್ಚಾಗಿ ಈ ಬಾಯಿಯಲ್ಲೇ, ದಡದಲ್ಲಿ ನಿಂತವರ ಕಣ್ಣೆದುರಿಗೆ.

ದಡ ಕಾಣುತ್ತದೆ ಅಂದ ಮಾತ್ರಕ್ಕೆ ಹೆದರಿಕೆ ಇಲ್ಲ ಅಂತಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಘಟ್ಟದ ಮೇಲಿಂದ ಬಂದವರೂ ಅದರಲ್ಲಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು. ಅದು ಮೀನು ಹಿಡಿಯುವ ದೋಣಿಯನ್ನು ಪ್ರವಾಸಕ್ಕೆ ಮಾರ್ಪಡಿಸಿದ್ದು. ಎರಡೂ ಕಡೆ ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಎರಡೂ ದಡದ ಹತ್ತಿರವೇ ಆದವು.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ.

ಒಂದು ಬೇಸಿಗೆ ರಜೆಯಲ್ಲಿ ಹಾವೇರಿ ಕಡೆಯ ನಾಲ್ವರು ಹುಡುಗರು ನನ್ನ ಮೂಲಕ ದೋಣಿ ಗೊತ್ತುಮಾಡಿಕೊಂಡರು. ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದರು. ಬೆಳಿಗ್ಗೆ ಧಕ್ಕೆಗೆ ನಾನೂ ಹೋಗಿದ್ದೆ. ಗಾಳಿ ಇಲ್ಲ, ಮೋಡ ಇಲ್ಲ. ದೋಣಿಯವರು ಮಾತಾಡದೆ ಅಳಿವೆ ಕಡೆ ನೋಡುತ್ತ ಒಂದು ಬೀಡಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, “ಹ್ವಾಯ್, ಇವತ್ತ್ ಬ್ಯಾಡ. ಕಾಣಿ, ಅಳಿವೆ ಬಾಯಂಗೆ ಬಿಳಿ ಒಡೀತಾ ಇತ್ತ್.”

ಹುಡುಗರಿಗೆ ಸಿಟ್ಟು ಬಂತು. “ಏನ್ರೀ ಅಣ್ಣಾರ, ಗಾಳಿನ ಇಲ್ಲ, ಸಮುದ್ರ ಎಣ್ಣಿ ಹಂಗ ಐತಿ, ಎದಕ್ಕ ಅಂಜತೀರಿ?”

ಅವರು ಹೇಳಿದ್ದೂ ಸುಳ್ಳಲ್ಲ. ನೀರು ಎಣ್ಣೆಯ ಹಾಗೇ ಇತ್ತು. ಆದರೆ ತೆರೆ ಏಳಲು ನಮ್ಮೂರಲ್ಲೇ ಗಾಳಿ ಬೀಸಬೇಕು ಅಂತಿಲ್ಲ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ಕೆಳಗಿನ ಭಾಗದಲ್ಲಿ ಎದ್ದ ಬಿರುಗಾಳಿಯ ಅಲೆ ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬರುತ್ತದೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು. ಕೇರಳದವರು ಇದಕ್ಕೆ ‘ಕಳ್ಳಕಡಲ್’ ಅನ್ನುತ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ದೋಣಿಯವರು ಅದನ್ನು ಫೋನಿನಲ್ಲಿ ನೋಡಿರಲಿಲ್ಲ. ಅಳಿವೆಯ ಬಿಳಿ ನೊರೆ ಅವರಿಗೆ ಸಾಕಾಗಿತ್ತು.

ಮುಂಗಡ ಕೊಟ್ಟಿದ್ದ ಹಣವನ್ನು ಅಲ್ಲೇ ಹಿಂತಿರುಗಿಸಿದರು. ಹುಡುಗರು ಅರ್ಧ ಗಂಟೆಯೊಳಗೆ ಇನ್ನೊಂದು ಕಡೆ ಫೋನ್ ಮಾಡಿ ಬೇರೆ ದೋಣಿ ಹಿಡಿದರು. ಹೋದರು. ಏನೂ ಆಗಲಿಲ್ಲ. ಮಧ್ಯಾಹ್ನ ಎರಡು ಕೆಂಬೇರಿ ಹಿಡಿದುಕೊಂಡ ಫೋಟೊ ನನ್ನ ವಾಟ್ಸ್‌ಆ್ಯಪ್‌ಗೆ ಬಂತು, ಜೊತೆಗೆ ಹಲ್ಲು ಕಿರಿಯುವ ಎರಡು ಎಮೋಜಿ.

ಈ ಕತೆಯಲ್ಲಿ ದೋಣಿ ಮಗುಚಿದ್ದರೆ ನೀತಿ ಹೇಳುವುದು ಸುಲಭವಿತ್ತು. ಮಗುಚಲಿಲ್ಲ. ಹತ್ತು ಸಲ ಹೋದರೆ ಒಂಬತ್ತು ಸಲ ಮಗುಚುವುದೂ ಇಲ್ಲ. ತೊಂದರೆ ಇರುವುದೇ ಅಲ್ಲಿ. ಬೇಡ ಅಂದವರು ಅಂದು ಕಳೆದುಕೊಂಡದ್ದು ಇಡೀ ದಿನದ ದುಡಿಮೆ, ಮುಂಜಾನೆಯೇ ತಂದ ಚಟ್ಲಿ, ಐಸು, ಜೊತೆಗೆ ‘ಅಂಜುಬುರುಕ’ ಅನ್ನುವ ಹೆಸರು. ಹೋಗೋಣ ಅಂದವರಿಗೆ ಸಿಕ್ಕಿದ್ದು ಹಣ, ಫೋಟೊ, ಮುಂದಿನ ವಾರಕ್ಕೆ ಇನ್ನೆರಡು ಬುಕಿಂಗ್.

ದೋಣಿಯವರಿಗೂ ಸಾಲವಿದೆ, ಎಂಜಿನ್ ರಿಪೇರಿ ಇದೆ, ಮಗಳ ಕಾಲೇಜು ಫೀಸು ಇದೆ. ಇಂಥ ಲೆಕ್ಕ ನಾಲ್ಕು ಸಲ ನಡೆದರೆ ಐದನೆಯ ಸಲ ಅಳಿವೆ ಬಿಳಿಯಾಗಿದ್ದರೂ ಅವರ ಬಾಯಲ್ಲಿ ‘ಬ್ಯಾಡ’ ಬರುವುದು ಕಷ್ಟ. ಮಧ್ಯದಲ್ಲಿ ಏಜೆಂಟ್ ಇದ್ದರೆ ಇನ್ನೂ ಬಿಗಿ. ಒಬ್ಬ ಏಜೆಂಟ್ ನನಗೇ ಒಮ್ಮೆ ಹೇಳಿದ್ದ, “ನೀವು ಜನ ಕಳಿಸಿ, ತಲೆಗೆ 200 ನಿಮಗೆ.” ದೋಣಿಯವರು ಟ್ರಿಪ್ ರದ್ದು ಮಾಡಿದರೆ ಏನು ಅಂತ ಕೇಳಿದೆ. “ರದ್ದು ಮಾಡಿದರೆ ಮುಂದೆ ಅವರಿಗೆ ಟ್ರಿಪ್ಪೇ ಕೊಡೋದಿಲ್ಲ” ಅಂದ. ಪತ್ರಿಕೆಯಿಂದ ಸುದ್ದಿಯ ಲೆಕ್ಕದಲ್ಲಿ ಹಣ ಬರುವ ನನ್ನಂಥವನಿಗೆ 800 ರೂಪಾಯಿ ಸಣ್ಣದಲ್ಲ. ಆದರೆ ಆ ಹಣ ಯಾರ ಬಾಯಿ ಮುಚ್ಚಿಸಿ ಬರುತ್ತದೆ ಅಂತ ಅವನೇ ಹೇಳಿಯಾಗಿತ್ತು. ಬೇಡ ಅಂದೆ.

ಹಾಗಾಗಿ ಈಗ ನನ್ನ ಮೂಲಕ ಬರುವವರಿಗೆ ಒಂದು ಕರಾರು ಹೇಳುತ್ತೇನೆ. ಒಪ್ಪಿದರೆ ಮಾತ್ರ ದೋಣಿಯವರ ನಂಬರ್ ಕೊಡುತ್ತೇನೆ. 4,000ದಲ್ಲಿ 1,000 ಮುಂಗಡ. ಬೆಳಿಗ್ಗೆ ದೋಣಿಯವರು ಬೇಡ ಅಂದರೆ ಅದರಲ್ಲಿ 500 ಅವರಿಗೇ, ಚಟ್ಲಿ, ಐಸು, ಎದ್ದು ಬಂದ ಕೂಲಿ ಅಂತ. ಉಳಿದ 500 ವಾಪಸ್, ಇಲ್ಲವೇ ಬೇರೆ ದಿನಕ್ಕೆ ಜಮೆ. ನೀವಾಗಿಯೇ ಬರದಿದ್ದರೆ ಪೂರ್ತಿ 1,000 ಅವರದ್ದು. ಅಳಿವೆ ದಾಟುವುದೋ ಒಳಗೇ ಇರುವುದೋ ಅನ್ನುವುದು ಅವರ ತೀರ್ಮಾನ. ಕಡಲಿಗೆ ಹೋಗದೆ ಹೊಳೆಯಲ್ಲೇ ಗಾಳ ಹಾಕಿಸಿದರೂ ದರ ಅದೇ.

“ಹೋಗದಿದ್ದರೂ ದುಡ್ಡು ಕೊಡಬೇಕಾ?” ಅಂತ ಕೆಲವರು ಕೇಳುತ್ತಾರೆ. ಕೊಡಬೇಕು. ಡಾಕ್ಟರ ಹತ್ತಿರ ಹೋಗಿ ‘ಆಪರೇಷನ್ ಬೇಡ, ಮಾತ್ರೆ ಸಾಕು’ ಅಂತ ಹೇಳಿಸಿಕೊಂಡು ಬಂದರೆ ಫೀಸು ಕೊಡುವುದಿಲ್ಲವೇ? ಮೂವತ್ತು ವರ್ಷ ಆ ನೀರಿನಲ್ಲಿ ಇದ್ದವರ ಕಣ್ಣಿಗೆ ನೀವು ಕೊಡುವ ಹಣ ಅದು. ಮೀನು ಎಲ್ಲಿದೆ ಅಂತ ತೋರಿಸುವುದು ಆ ಕಣ್ಣಿನ ಅರ್ಧ ಕೆಲಸ ಮಾತ್ರ.

ಇನ್ನುಳಿದ ವಿಚಾರಗಳನ್ನು ಫೋನಿನಲ್ಲೇ ಕೇಳಿಕೊಳ್ಳಬಹುದು.

ಲೈಫ್ ಜಾಕೆಟ್ ಎಷ್ಟಿವೆ ಅಂತ ಕೇಳಿ, ಸಾಧ್ಯವಾದರೆ ಫೋಟೊ ತರಿಸಿಕೊಳ್ಳಿ. ದೋಣಿಯ ಮೂಲೆಯಲ್ಲಿ ಮಡಚಿಟ್ಟ ಜಾಕೆಟ್ ಯಾರನ್ನೂ ಉಳಿಸಿಲ್ಲ. ಹತ್ತುವ ಮೊದಲೇ ಹಾಕಿ ಬಕಲ್ ಬಿಗಿಯಬೇಕು. ಈಜು ಬರುತ್ತದೆ ಅನ್ನುವವರೂ ಹಾಕಬೇಕು, ಕೆರೆಯ ಈಜು ಅಳಿವೆಯ ಸೆಳೆತಕ್ಕೆ ನಡೆಯುವುದಿಲ್ಲ.

ದೋಣಿಯ ಮೈಮೇಲೆ ‘ಐಎನ್‌ಡಿ-ಕೆಎ’ ಅಂತ ಶುರುವಾಗುವ ಸಂಖ್ಯೆ ಇದ್ದರೆ ಅದು ನೋಂದಣಿಯಾದ ಮೀನುಗಾರಿಕೆ ದೋಣಿ. ಮೀನು ಹಿಡಿಯುವ ಪರವಾನಗಿಯೇ ಜನರನ್ನು ಕರೆದೊಯ್ಯುವ ಪರವಾನಗಿ ಆಗುವುದಿಲ್ಲ. ಪ್ರವಾಸಿಗರನ್ನು ಹತ್ತಿಸಿಕೊಳ್ಳಲು ಬೇರೆ ಅನುಮತಿ ಬೇಕು, ಇದೆಯಾ ಅಂತ ಕೇಳಲು ಸಂಕೋಚ ಬೇಡ. ವಿಮೆಯೂ ಹಾಗೇ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಅದು ಮೀನುಗಾರನಿಗೆ, ಪಕ್ಕದಲ್ಲಿ ಗಾಳ ಹಿಡಿದು ಕೂತ ನಿಮಗಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳು ಆಗಲೂ ಇಳಿಯುತ್ತವೆ, ಅದು ಅವರ ಹೊಟ್ಟೆಪಾಡು. ನೀವು ಆ ತಿಂಗಳಲ್ಲಿ ಮೋಜಿಗೆ ದೋಣಿ ಕೇಳಬೇಡಿ, ಯಾರಾದರೂ ಕೊಡುತ್ತೇನೆ ಅಂದರೆ ಹತ್ತಬೇಡಿ.

ಎರಡು ನಂಬರ್ ಫೋನಿನಲ್ಲಿ ಇರಲಿ. ಕರಾವಳಿ ಕಾವಲು ಪೊಲೀಸರದ್ದು 1093, ಕೋಸ್ಟ್ ಗಾರ್ಡ್‌ನದ್ದು 1554. ಫೋನನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಡದಲ್ಲಿರುವ ಒಬ್ಬರಿಗಾದರೂ ಹೇಳಿ ಹೋಗಿ.

ಕಾಂಡ್ಲಾ ಬುಡದಲ್ಲಿ ಅಂಗೈಯಷ್ಟು ಉದ್ದದ ಕೆಂಬೇರಿ ಮರಿ ಸಿಕ್ಕರೆ ದೋಣಿಯವರು ವಾಪಸ್ ಬಿಡಲು ಹೇಳುತ್ತಾರೆ. ಬಿಡಿ. ಆ ಮೀನು ಬೆಳೆಯುವ ತೊಟ್ಟಿಲೇ ಆ ಬೇರುಗಳ ಸಂದಿ.

ಇದನ್ನು ಓದುವ ದೋಣಿಯವರಿಗೂ ಒಂದು ಮಾತು. ರದ್ದಾದರೆ ಹಣದ ಲೆಕ್ಕ ಏನು ಅಂತ ಬುಕಿಂಗ್ ಹೊತ್ತಿಗೇ ಒಂದು ವಾಯ್ಸ್ ಮೆಸೇಜ್ ಕಳಿಸಿಬಿಡಿ. ಬರೆಯಬೇಕಂತಲೂ ಇಲ್ಲ. ಧಕ್ಕೆಯಲ್ಲಿ ನಿಂತು, ನಿದ್ದೆಗೆಟ್ಟ ನಾಲ್ವರ ಎದುರು ಜಗಳವಾಡುವುದಕ್ಕಿಂತ ಹಿಂದಿನ ವಾರವೇ ಹೇಳುವುದು ಸುಲಭ. ಕಳೆದ ಹಂಗಾಮಿನಲ್ಲಿ ನಾನು ಹೇಳಿದ ದೋಣಿಯವರು ನಾನು ಕಳಿಸಿದ ಮೂರು ಟ್ರಿಪ್ ರದ್ದು ಮಾಡಿದರು. ಮೂರೂ ಸಲ 500 ಅವರ ಕೈಗೆ ಬಂತು, ಮೂರರಲ್ಲಿ ಎರಡು ತಂಡ ಬೇರೆ ದಿನ ತಿರುಗಿ ಬಂದವು. ಹಣ ಎಣಿಸಿಕೊಳ್ಳುತ್ತ ಅವರೊಮ್ಮೆ ಅಂದರು, “ಈಗ ಬ್ಯಾಡ ಅಂಬುಕೆ ಹೆದರಿಕೆ ಇಲ್ಲೆ.”