ತೊಟ್ಟ ಅಂಗಿ ಏನು ಹೇಳುತ್ತದೆ?

ಕಾಣೆಯಾದವರ ಅಥವಾ ಕಾಯಿಲೆ ಬಿದ್ದವರ ವಿಷಯ ಕೇಳಲು ಆಮಿಲರ ಬಳಿಗೆ ಹೊರಟವರಿಗೆ ಸಾಮಾನ್ಯವಾಗಿ ಎರಡು ಮಾತು ಹೇಳಿ ಕಳಿಸುತ್ತಾರೆ. ಒಂದು, ಆ ವ್ಯಕ್ತಿಯ ತಾಯಿಯ ಹೆಸರು ಗೊತ್ತಿರಬೇಕು. ಇನ್ನೊಂದು, ಅವನು ತೊಟ್ಟು ಬಿಟ್ಟ, ಇನ್ನೂ ಒಗೆಯದ ಬಟ್ಟೆಯೊಂದನ್ನು ತರಬೇಕು. ಒಗೆದರೆ ಅದರಲ್ಲಿರುವ ‘ಅಸರ್’ ಹೋಗಿಬಿಡುತ್ತದೆ ಎಂಬುದು ನಂಬಿಕೆ. ಆಮಿಲರು ಆ ಬಟ್ಟೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯಲ್ಲಿ ಅಳೆದು, ಏನನ್ನೋ ಓದಿ ಊದಿ, ಮತ್ತೆ ಅಳೆಯುತ್ತಾರೆ. ಬಟ್ಟೆ ಕುಗ್ಗಿದರೆ ಒಂದು ಅರ್ಥ, ಹಿಗ್ಗಿದರೆ ಇನ್ನೊಂದು ಅರ್ಥ. ಅಕ್ಕಪಕ್ಕದ ಹಿಂದೂ ಮನೆಗಳವರು ಕಳೆದುಹೋದ ಒಡವೆಗಾಗಿ ಅಂಜನ ಹಾಕಿಸಲು ಹೋಗುವುದನ್ನೂ ನಾನು ನೋಡಿದ್ದೇನೆ. ಕಷ್ಟ ಬಂದಾಗ ಎರಡೂ ಕಡೆಯವರು ಪರಸ್ಪರರ ವಿಳಾಸ ಕೇಳಿ ಪಡೆಯುವುದೂ ಉಂಟು.

ಇದು ನಮ್ಮ ಓಣಿಗಳ ಅನಕ್ಷರಸ್ಥರ ಮೌಢ್ಯ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ವಸ್ತುವನ್ನು ಮುಟ್ಟಿ ಅದರ ಒಡೆಯನ ಕಥೆ ತಿಳಿಯುವ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಸೈಕೊಮೆಟ್ರಿ’ ಎಂಬ ಹೆಸರಿದೆ. 1842ರಲ್ಲಿ ಆ ಹೆಸರಿಟ್ಟವನು ಅಮೆರಿಕದ ವೈದ್ಯ ಜೋಸೆಫ್ ರೋಡ್ಸ್ ಬ್ಯುಕ್ಯಾನನ್. ಗ್ರೀಕ್ ಮೂಲದ ಆ ಪದಕ್ಕೆ ‘ಆತ್ಮದ ಅಳತೆ’ ಎಂದರ್ಥ. ಅವರು ಆತ್ಮವನ್ನು ಅಳೆಯಲು ಹೊರಟರು, ನಮ್ಮವರು ಅಂಗಿಯನ್ನು ಅಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ಕತ್ತಲಲ್ಲಿ ಹಿತ್ತಾಳೆಯನ್ನು ಮುಟ್ಟಿದರೂ ತನ್ನ ನಾಲಗೆಗೆ ಅದರ ರುಚಿ ತಿಳಿಯುತ್ತದೆ ಎಂದು ಪಾದ್ರಿಯೊಬ್ಬರು ಹೇಳಿದ್ದನ್ನು ಕೇಳಿ ಬ್ಯುಕ್ಯಾನನ್‌ಗೆ ಕುತೂಹಲ ಹುಟ್ಟಿತಂತೆ. ಔಷಧಿಗಳನ್ನು ಕಾಗದದಲ್ಲಿ ಸುತ್ತಿ ವಿದ್ಯಾರ್ಥಿಗಳ ಕೈಗೆ ಕೊಟ್ಟ. ಪತ್ರಗಳನ್ನು ಕೊಟ್ಟು, ಬರೆದವರ ಸ್ವಭಾವ ಹೇಳಿಸಿದ. ಲೋಕದ ಭೂತಕಾಲವೆಲ್ಲ ವಸ್ತುಗಳೊಳಗೆ ಅಡಗಿ ಕುಳಿತಿದೆ ಎಂಬ ತೀರ್ಮಾನಕ್ಕೆ ಬಂದ.

ಅವನ ಹಾದಿಯಲ್ಲಿ ನಡೆದವನು ಭೂವಿಜ್ಞಾನದ ಉಪನ್ಯಾಸಗಳಿಗೆ ಹೆಸರಾಗಿದ್ದ ವಿಲಿಯಂ ಡೆಂಟನ್. ಕಲ್ಲು, ಪಳೆಯುಳಿಕೆ, ಉಲ್ಕೆಯ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಹೆಂಡತಿ ಎಲಿಜಬೆತ್‌ಳ ಕೈಗೂ ತಂಗಿ ಆನ್‌ಳ ಕೈಗೂ ಕೊಡುತ್ತಿದ್ದ. ಅವರು ಕಂಡೆವೆಂದು ಹೇಳಿದ್ದನ್ನು 1863ರಲ್ಲಿ ‘ದಿ ಸೋಲ್ ಆಫ್ ಥಿಂಗ್ಸ್’ ಎಂಬ ಪುಸ್ತಕವಾಗಿ ಹೊರತಂದ. ಮುಂದೆ ಅವನ ಮಗ ಶೆರ್ಮನ್‌ಗೂ ಈ ಶಕ್ತಿ ಬಂದಿತೆಂದು ಮನೆಯವರೆಲ್ಲ ನಂಬಿದರು. ಆ ಹುಡುಗ ಮಂಗಳ ಗ್ರಹದಲ್ಲಿ ಜನ ಓಡಾಡುವುದನ್ನು ಕೂಡ ಕಂಡು ವರ್ಣಿಸಿದ. 1976ರಲ್ಲಿ ವೈಕಿಂಗ್ ನೌಕೆಗಳು ಆ ಗ್ರಹದ ಮೇಲೆ ಇಳಿದು ಚಿತ್ರ ಕಳಿಸಿದಾಗ ಕಂಡದ್ದು ಕಲ್ಲು ಮತ್ತು ಕೆಂಪು ಮಣ್ಣು ಮಾತ್ರ. ಡೆಂಟನ್ ಕುಟುಂಬದವರು ಮೋಸಗಾರರು ಎಂದು ನನಗೆ ಅನಿಸುವುದಿಲ್ಲ. ಕಣ್ಣು ಮುಚ್ಚಿ ಕುಳಿತಾಗ ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ಕೈಯಲ್ಲಿದ್ದ ಕಲ್ಲೇ ತೋರಿಸಿತು ಎಂದುಕೊಂಡರು. ಕಥೆ ಬರೆಯುವ ನನಗೆ ಆ ಚಿತ್ರ ಎಲ್ಲಿಂದ ಬರುತ್ತದೆ ಎಂಬುದು ಸ್ವಲ್ಪ ಗೊತ್ತು. ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಕನ್ನಡಕದ ಡಬ್ಬಿಯೊಂದನ್ನು ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಅದರ ಯಜಮಾನ, ಅವನ ಮುನಿಸು, ಅವನ ಸೊಸೆ ಎಲ್ಲರೂ ನನ್ನೆದುರು ಬಂದು ನಿಲ್ಲುತ್ತಾರೆ. ಆದರೆ ನಾನು ಅದರ ಮೇಲೆ ‘ಕಥೆ’ ಎಂದು ಬರೆದೇ ಪತ್ರಿಕೆಗೆ ಕಳಿಸುತ್ತೇನೆ. ಕಥೆಯನ್ನು ಸುದ್ದಿ ಎಂದು ಕೊಟ್ಟಾಗ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

1999ರ ಮಾತು. ನಾನಾಗ ಡಿಗ್ರಿ ಓದುತ್ತಿದ್ದೆ. ಖಾಲಾನ ಹಿರಿಯ ಮಗ ಮುಂಬೈಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಕಾಗದ ನಿಂತುಹೋಯಿತು. ಬೇಕರಿಗೆ ಫೋನು ಮಾಡಿದರೆ, ಅವನು ಕೆಲಸ ಬಿಟ್ಟು ಹೋದ ಎಂದರು. ಖಾಲಾ ಪಕ್ಕದ ಊರಿನ ಆಮಿಲರೊಬ್ಬರ ಬಳಿಗೆ ಹೊರಟಾಗ ಜೊತೆಗೆ ನನ್ನನ್ನು ಕರೆದುಕೊಂಡರು. ಅವರು ಕೊಡುವ ಚೀಟಿಯನ್ನು ಓದಲು ಉರ್ದು ಬಲ್ಲವರು ಬೇಕಿತ್ತು. ಹಿಂದಿನ ಸಲ ಊರಿಗೆ ಬಂದಾಗ ಮಗ ಬಿಟ್ಟುಹೋಗಿದ್ದ ಚೌಕಳಿ ಅಂಗಿ ಒಗೆಯದೆ ಗೂಟದಲ್ಲೇ ನೇತಾಡುತ್ತಿತ್ತು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡರು.

ಆಮಿಲರು ಅಂಗಿಯನ್ನು ಅಳೆಯುವ ಮೊದಲು ಖಾಲಾಳನ್ನು ಮಾತಾಡಿಸಿದರು. ಯಾವ ಊರಿಗೆ ಹೋಗಿದ್ದ, ಮದುವೆಯ ಮಾತೇನಾದರೂ ನಡೆದಿತ್ತೇ, ನೆಂಟರಲ್ಲಿ ಯಾರೊಂದಿಗಾದರೂ ವೈಮನಸ್ಸು ಇದೆಯೇ ಎಂದು ಮೆಲ್ಲಗೆ ಕೇಳಿದರು. ಖಾಲಾ ಅಳುತ್ತಾ ಎಲ್ಲವನ್ನೂ ಹೇಳಿದರು. ಆಮೇಲೆ ಅಂಗಿ ಮಾತಾಡಿತು. ಹುಡುಗ ಬದುಕಿದ್ದಾನೆ, ನೀರಿರುವ ಊರಿನಲ್ಲಿದ್ದಾನೆ, ನೆಂಟರೊಬ್ಬರು ಮಾಡಿಸಿದ ಕಟ್ಟು ಅವನನ್ನು ತಡೆದಿದೆ, ನಲವತ್ತು ದಿನದೊಳಗೆ ಬರುತ್ತಾನೆ. ಖಾಲಾ ಕೊಟ್ಟ ಮಾತುಗಳೇ ಅಂಗಿಯೊಳಗಿಂದ ಹಾದು ಅವರಿಗೆ ಹಿಂತಿರುಗಿದ್ದವು. ನಲವತ್ತು ದಿನ ಕಳೆದು ಮತ್ತೆ ಹೋದೆವು. ಇನ್ನೂ ನಲವತ್ತು ದಿನ ಎಂದರು.

ಮೂರನೆಯ ಸಲ ಬೆಳಗಿನ ಜಾವದ ಬಸ್ಸು ಹಿಡಿಯಬೇಕಿತ್ತು. ಕರೆಂಟು ಇರಲಿಲ್ಲ. ಖಾಲಾ ಕತ್ತಲಲ್ಲೇ ಗೂಟದಿಂದ ಅಂಗಿ ತೆಗೆದುಕೊಂಡರು. ಆಮಿಲರು ಎಂದಿನಂತೆ ಅಳೆದು, ಊದಿ, ಈ ಬಾರಿ ಬಟ್ಟೆ ನಾಲ್ಕು ಬೆರಳು ಕುಗ್ಗಿದೆ, ಹುಡುಗನ ಮೇಲಿನ ಕಟ್ಟು ಬಿಗಿಯಾಗಿದೆ ಎಂದರು. ಸಂಜೆ ಮನೆಗೆ ಬಂದರೆ ಕಿರಿಯ ಮಗ ಬಾಗಿಲಲ್ಲೇ ನಿಂತು “ಅಮ್ಮೀ, ನನ್ನ ಅಂಗಿ ಎಲ್ಲಿ?” ಎಂದು ಕೇಳಿದ. ಆ ವರ್ಷದ ಈದ್‌ಗೆ ಅಣ್ಣ ತಮ್ಮ ಇಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸಿದ್ದರು. ಆಮಿಲರು ಕಟ್ಟು ಕಂಡ ಅಂಗಿಯ ಒಡೆಯ ಅಂದು ಇಡೀ ದಿನ ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ.

ನಾನು ಖಾಲಾಳ ಮುಖ ನೋಡಿದೆ. “ಅವರ ತಪ್ಪೇನಿದೆ ಬೇಟಾ? ನಾನೇ ಬೇರೆ ಅಂಗಿ ತಗೊಂಡು ಹೋದೆ” ಎಂದರು. ಮರುವಾರ ಸರಿಯಾದ ಅಂಗಿ ತೆಗೆದುಕೊಂಡು ಮತ್ತೆ ಹೋದರು. ಕಿವಿಯ ಓಲೆ ಆ ವಾರವೇ ಗಿರವಿಗೆ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಅಂಗಿ ಸುದ್ದಿ ಹೇಳುತ್ತಿರುವಾಗ ಪೊಲೀಸರ ಹತ್ತಿರ ಯಾಕೆ ಹೋಗಬೇಕು ಎಂದು ಮನೆಯವರೆಲ್ಲ ಸುಮ್ಮನಿದ್ದರು. ದೂರು ಕೊಡುವಷ್ಟರಲ್ಲಿ ಎಂಟು ತಿಂಗಳಾಗಿತ್ತು. ಅವನೊಂದಿಗೆ ಕೋಣೆಯಲ್ಲಿದ್ದ ಹುಡುಗರು ಅಷ್ಟರಲ್ಲಿ ದಿಕ್ಕಿಗೊಬ್ಬರಾಗಿದ್ದರು. ಅವನು ಏನಾದ ಎಂಬುದು ಇಂದಿಗೂ ತಿಳಿದಿಲ್ಲ.

ಇಂಥ ಹೇಳಿಕೆಗಳು ನಿಜವೇ ಎಂದು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಮನಶ್ಶಾಸ್ತ್ರಜ್ಞ ಮಾರ್ಟಿನ್ ರೈಸರ್ ಮತ್ತು ಸಂಗಡಿಗರು 12 ಮಂದಿ ಅತೀಂದ್ರಿಯಶಕ್ತಿಯವರಿಗೆ ಅಪರಾಧ ಪ್ರಕರಣಗಳ ವಸ್ತುಗಳನ್ನು ಕೊಟ್ಟು ನೋಡಿದರು. ತನಿಖೆಗೆ ನೆರವಾಗುವಂಥದ್ದೇನೂ ದೊರೆಯಲಿಲ್ಲ ಎಂದು 1979ರಲ್ಲಿ ಪ್ರಕಟಿಸಿದರು. 1996ರಲ್ಲಿ ಬ್ರಿಟನ್ನಿನಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು, ಆಗಲೇ ಬಗೆಹರಿದಿದ್ದ ಮೂರು ಅಪರಾಧಗಳ ವಸ್ತುಗಳನ್ನು ಮೂವರು ಅತೀಂದ್ರಿಯಶಕ್ತಿಯವರಿಗೂ ಮೂವರು ವಿದ್ಯಾರ್ಥಿಗಳಿಗೂ ಕೊಟ್ಟ ಪರೀಕ್ಷೆಯ ಫಲಿತಾಂಶ ಹೊರಬಂತು. ಎರಡೂ ಗುಂಪಿನವರು ಹೇಳಿದ್ದು ಬರಿಯ ಊಹೆಗಿಂತ ಮೇಲಿರಲಿಲ್ಲ. ಹಾಗಾದರೆ ಕೇಳುವವರಿಗೆ ಅದು ಸರಿ ಎನಿಸುವುದೇಕೆ? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಪ್ರಾಧ್ಯಾಪಕ ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿಮ್ಮದೇ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ವಿದ್ಯಾರ್ಥಿಗಳು ಅದಕ್ಕೆ 5ರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಯಾರಿಗೂ ಹೊಂದುವ ಮಾತನ್ನು ನಮಗಾಗಿಯೇ ಹೇಳಿದ್ದು ಎಂದುಕೊಳ್ಳುವುದು ಮನುಷ್ಯ ಸ್ವಭಾವ. ಅದರಲ್ಲೂ ನೊಂದವರು ಹೊಂದಿದ್ದನ್ನು ನೆನಪಿಡುತ್ತಾರೆ, ಹೊಂದದ್ದನ್ನು ಮರೆಯುತ್ತಾರೆ.

ಹಾಗೆಂದು ವಸ್ತುಗಳು ಮೂಗು ಎಂದಲ್ಲ. ಮುಟ್ಟಿದವರ ಗುರುತು ಅವುಗಳ ಮೇಲೆ ಉಳಿಯುತ್ತದೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಆರಂಭವಾದಾಗ ಆ ಗುರುತುಗಳನ್ನು ವಿಂಗಡಿಸುವ ಕ್ರಮವನ್ನು ರೂಪಿಸುವುದರಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಬಹುಕಾಲ ಕೀರ್ತಿಯೆಲ್ಲ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಹೋಯಿತು. ಅವರ ವಿದ್ಯೆಗೂ ಆಮಿಲರ ವಿದ್ಯೆಗೂ ಇರುವ ಅಂತರ ಸರಳ. ಬೆರಳಚ್ಚನ್ನು ಒಬ್ಬರು ಓದಿದ ಮೇಲೆ ಇನ್ನೊಬ್ಬರು ಓದಿ ತಪ್ಪೋ ಸರಿಯೋ ಹೇಳಬಹುದು. ಅಂಗಿಯ ಮಾತು ಕೇಳಿಸುವುದು ಹಣ ಪಡೆದವರಿಗೆ ಮಾತ್ರ.

ಈ ಅಂತರವನ್ನು ನಾನು ಮೊದಲು ಕಂಡದ್ದು ವಿಜ್ಞಾನದ ಪುಸ್ತಕದಲ್ಲಲ್ಲ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಮೂರು ಸಲ ಅಂಗಿಯ ಪ್ರಸ್ತಾಪವಿದೆ. ಮೊದಲನೆಯದು, ಅಣ್ಣಂದಿರು ಸುಳ್ಳು ರಕ್ತ ಬಳಿದು ತಂದ ಅಂಗಿ. ತೋಳ ತಿಂದಿತೆಂದರು. ತಂದೆ ಪ್ರವಾದಿ ಯಾಕೂಬರು (ಅ) ನಂಬಲಿಲ್ಲ. ಮಗನನ್ನು ತಿಂದ ತೋಳ ಅಂಗಿಯನ್ನು ಹರಿಯದೆ ಬಿಟ್ಟಿತೇ ಎಂದು ಅವರು ಅಚ್ಚರಿಪಟ್ಟರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಎರಡನೆಯದು, ಈಜಿಪ್ಟಿನಲ್ಲಿ ಬೆನ್ನ ಕಡೆಯಿಂದ ಹರಿದು ಯೂಸುಫರು (ಅ) ನಿರಪರಾಧಿ ಎಂದು ಸಾಕ್ಷಿ ನುಡಿದ ಅಂಗಿ. ಆ ಹರಕು ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಮೂರನೆಯದು, ತಂದೆಯ ಮುಖದ ಮೇಲೆ ಹಾಕಿದಾಗ ಕುರುಡು ಕಣ್ಣಿಗೆ ಬೆಳಕು ತಂದ ಅಂಗಿ. ಅದು ಇನ್ನೂ ದಾರಿಯಲ್ಲಿರುವಾಗಲೇ ತಂದೆಗೆ ಮಗನ ವಾಸನೆ ಬಂತು.

ಆಮಿಲರನ್ನು ಸಮರ್ಥಿಸುವವರು ಈ ಮೂರನೆಯ ಅಂಗಿಯನ್ನು ಮುಂದಿಡುತ್ತಾರೆ. ಆದರೆ ಮೊದಲ ಅಂಗಿ ಕೈಗೆ ಬಂದಾಗ ಮಗ ಎಲ್ಲಿದ್ದಾನೆಂದು ಅದು ಯಾಕೂಬರಿಗೆ ಹೇಳಲಿಲ್ಲವಲ್ಲ! ಪ್ರವಾದಿಯಾಗಿದ್ದರೂ ಅವರು ಅತ್ತು ಅತ್ತು ಕಣ್ಣು ಕಳೆದುಕೊಂಡರು. ಈಜಿಪ್ಟಿನಿಂದ ಹೊರಟ ಅಂಗಿಯ ವಾಸನೆ ಹಿಡಿದವರು ಕನಾನಿನ ಬಾವಿಯಲ್ಲಿದ್ದ ಮಗನನ್ನು ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಶೇಖ್ ಸಾದಿ ‘ಗುಲಿಸ್ತಾನ್’ನಲ್ಲೇ ಎತ್ತಿದ್ದಾರೆ. ಕಾಣುವುದು ಕಾಣದಿರುವುದು ಅಂಥ ಮಹಾತ್ಮರ ಕೈಯಲ್ಲೂ ಇಲ್ಲ ಎಂಬುದು ಅಲ್ಲಿಯ ಉತ್ತರದ ಸಾರ. ಅವರ ಕೈಯಲ್ಲಿಲ್ಲದ್ದು ಶುಲ್ಕ ಪಡೆದು ಕೂತವರ ಕೈಗೆ ಹೇಗೆ ಬಂತು? ಕಳೆದುಹೋದದ್ದರ ಸುಳಿವು ಬಲ್ಲೆನೆನ್ನುವವನಿಗೆ ಅರಬಿಯಲ್ಲಿ ‘ಅರ್ರಾಫ್’ ಎನ್ನುತ್ತಾರೆ. ಅವನ ಬಳಿಗೆ ಹೋಗುವುದನ್ನು ಪ್ರವಾದಿವರ್ಯರು (ಸ) ತಡೆದಿದ್ದಾರೆ ಎಂಬುದೂ ನಮ್ಮವರಿಗೆ ಗೊತ್ತಿಲ್ಲದ್ದಲ್ಲ.

ಖಾಲಾ ಆ ಅಂಗಿಯನ್ನು ಕೊನೆಯವರೆಗೂ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಆಗಾಗ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ನನಗೆ ನುಸಿಗುಳಿಗೆಯ ವಾಸನೆ ಮಾತ್ರ ಬರುತ್ತಿತ್ತು. “ನಿನಗೆ ಬರಲ್ಲ, ನನಗೆ ಬರ್ತದೆ” ಎನ್ನುತ್ತಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. 2008ರಲ್ಲಿ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಬ್ಬಿಕೊಂಡು ಮಲಗುವ ಆಟಿಕೆಯಿದ್ದ ಪುಟ್ಟ ಮಕ್ಕಳಿಗೆ, ಯಂತ್ರದಲ್ಲಿ ಅಂಥದ್ದೇ ಇನ್ನೊಂದು ಮಾಡಿಕೊಡುತ್ತೇವೆ ಎಂದರೆ ಹೆಚ್ಚಿನವರು ಹಳೆಯದನ್ನೇ ಬಯಸಿದರು. ಕೆಲವರು ಯಂತ್ರಕ್ಕೆ ಕೊಡಲೂ ಒಪ್ಪಲಿಲ್ಲ. ನಮ್ಮವರು ಮುಟ್ಟಿದ ವಸ್ತುವಿನಲ್ಲಿ ನಮಗೆ ಮಾತ್ರ ಗೊತ್ತಿರುವ ಏನೋ ಇರುತ್ತದೆ. ಅದು ಇರುವುದು ನಮ್ಮ ನೆನಪಿನಲ್ಲಿ. ಆದ್ದರಿಂದಲೇ ಅದನ್ನು ಬೇರೆಯವರು ಓದಿ ಹೇಳಲು ಬರುವುದಿಲ್ಲ.

ಯಾಕೂಬರು ಮಕ್ಕಳಿಗೆ ಹೇಳಿದ ಇನ್ನೊಂದು ಮಾತು ಅದೇ ಅಧ್ಯಾಯದಲ್ಲಿದೆ. ಹೋಗಿ ಯೂಸುಫ್ ಮತ್ತು ಅವನ ತಮ್ಮನನ್ನು ಹುಡುಕಿ, ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿ ಎಂದು ಅವರನ್ನು ದಾರಿಗೆ ಹಚ್ಚಿದರು. ಮನೆಯಲ್ಲಿ ಯಾರಾದರೂ ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಕಾಣೆಯಾದದ್ದು ಮಗುವಾದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅವರ ಫೋಟೋ, ಜೊತೆಗಿದ್ದವರ ಹೆಸರು, ಕೊನೆಯ ಫೋನ್ ನಂಬರು ಹಿಡಿದುಕೊಂಡು ಅದೇ ದಿನ ಠಾಣೆಗೆ ಹೋಗಿ. ಅಂಗಿ ಮನೆಯಲ್ಲೇ ಇರಲಿ.