ಕೀಲಿಮಣೆ ಕಳಚಿ ಬರುತ್ತಿದ್ದ ಕಾಲ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ನಾನು ಕೆಲಸ ಕಲಿಯಲು ಸೇರಿದ್ದು 2007ರ ಸುಮಾರಿಗೆ. ಆಗಿನ ಲ್ಯಾಪ್‌ಟಾಪನ್ನು ಕವುಚಿ ಹಾಕಿದರೆ ಅದನ್ನು ಬಿಚ್ಚುವ ಬಗೆ ಅದರ ಬೆನ್ನ ಮೇಲೆಯೇ ಇರುತ್ತಿತ್ತು. ಕೆಲವು ಸ್ಕ್ರೂಗಳ ಪಕ್ಕ ಪುಟ್ಟ ಕೀಬೋರ್ಡಿನ ಗುರುತು, ಇನ್ನು ಕೆಲವುಗಳ ಪಕ್ಕ ಮೆಮೊರಿಯದ್ದೋ ಹಾರ್ಡ್ ಡಿಸ್ಕಿನದ್ದೋ ಗುರುತು. ಕೀಬೋರ್ಡಿನ ಗುರುತಿದ್ದ ಎರಡು ಮೂರು ಸ್ಕ್ರೂ ತೆಗೆದು, ಯಂತ್ರವನ್ನು ನೆಟ್ಟಗೆ ಮಾಡಿ, ಮೇಲಂಚಿನ ಕೊಕ್ಕೆಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಳಕ್ಕೆ ಒತ್ತಿದರೆ ಕೀಬೋರ್ಡ್ ಇಡಿಯಾಗಿ ಮೇಲೆದ್ದು ಬರುತ್ತಿತ್ತು. ಕೆಳಗೆ ಬೋರ್ಡಿಗೆ ಹೋಗುವ ತೆಳ್ಳನೆಯ ಪಟ್ಟಿ. ಅದರ ಲಾಕ್ ಎತ್ತಿ ಹಳೆಯದನ್ನು ಎಳೆದು, ಹೊಸದನ್ನು ಸಿಕ್ಕಿಸಿ, ಲಾಕ್ ಒತ್ತಿದರೆ ಮುಗಿಯಿತು. ‘ಕೂತ್ಕೊಳ್ಳಿ ಸಾರ್, ಟೀ ಕುಡಿಯೋದ್ರೊಳಗೆ ಆಗುತ್ತೆ’ ಅನ್ನುತ್ತಿದ್ದೆವು, ಆಗುತ್ತಲೂ ಇತ್ತು.

ಬರೀ ಲ್ಯಾಪ್‌ಟಾಪ್ ಕೀಬೋರ್ಡುಗಳನ್ನೇ ಮಾರಿ ಬದುಕುವ ಅಂಗಡಿಗಳು ಆಗ ಅಲ್ಲಿದ್ದವು. ಗೋಡೆಯುದ್ದಕ್ಕೂ ರ‍್ಯಾಕು, ರ‍್ಯಾಕಿನಲ್ಲಿ ನಿಲ್ಲಿಸಿಟ್ಟ ಕೀಬೋರ್ಡು, ಪ್ರತಿ ಕವರಿನ ಮೇಲೂ ಮಾರ್ಕರಿನಲ್ಲಿ ಬರೆದ ಮಾಡೆಲ್ ನಂಬರು. ಕೆಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಸಾಕು, ನಂಬರು ಕೇಳದೆ ಪಟ್ಟಿಯ ಉದ್ದ, ಕೊಕ್ಕೆಯ ಜಾಗ ನೋಡಿಯೇ ಅದರ ಜೋಡಿ ತೆಗೆದುಕೊಡುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಒರಿಜಿನಲ್ಲಾ, ಕಂಪ್ಯಾಟಿಬಲ್ಲಾ, ಪುಲ್‌ಔಟಾ?’ ಪುಲ್‌ಔಟ್ ಅಂದರೆ ಸತ್ತ ಯಂತ್ರದಿಂದ ಕಿತ್ತದ್ದು. ಒರಿಜಿನಲ್ ಎಂದು ಮಾರುತ್ತಿದ್ದುದರಲ್ಲಿ ಎಷ್ಟು ಒರಿಜಿನಲ್ ಎಂಬುದು ಆ ಬೀದಿಯ ದೇವರಿಗೇ ಗೊತ್ತಿತ್ತಾದ್ದರಿಂದ ನಮ್ಮ ಹಿರಿಯ ಮೆಕ್ಯಾನಿಕ್ ಭಾಯ್‌ಗೆ ಪುಲ್‌ಔಟ್ ಮೇಲೆಯೇ ನಂಬಿಕೆ. ಒಂದು ಸಲ ಬದುಕಿ ತೋರಿಸಿದ್ದು ಇನ್ನೊಂದು ಸಲವೂ ಬದುಕುತ್ತೆ ಎನ್ನುವುದು ಅವರ ವಾದ.

ಕೀಬೋರ್ಡ್ ಕೆಡುವುದರಲ್ಲಿ ಗುಟ್ಟೇನಿಲ್ಲ. ಗುಂಡಿಗಳ ಕೆಳಗೆ ಎರಡು ಪ್ಲಾಸ್ಟಿಕ್ ಹಾಳೆ, ಎರಡರ ಮೇಲೂ ಬೆಳ್ಳಿಯ ಅಂಶವಿರುವ ಶಾಯಿಯಿಂದ ಎಳೆದ ಗೆರೆ, ನಡುವೆ ತೂತುಗಳಿರುವ ಮೂರನೆಯ ಹಾಳೆ. ಗುಂಡಿ ಒತ್ತಿದಾಗ ಅದರಡಿಯ ರಬ್ಬರ್ ಬಟ್ಟಲು ಕುಸಿದು ಮೇಲಿನ ಗೆರೆಯನ್ನು ಕೆಳಗಿನದಕ್ಕೆ ಮುಟ್ಟಿಸುತ್ತದೆ. ಗುಂಡಿಗೊಂದು ತಂತಿಯಂತೆ ಎಳೆಯಲು ಜಾಗವಿಲ್ಲದ್ದರಿಂದ ಅಡ್ಡಗೆರೆ, ಉದ್ದಗೆರೆಗಳ ಬಲೆ ಹೆಣೆದಿರುತ್ತಾರೆ. ಸಕ್ಕರೆ ಹಾಕಿದ ಟೀ ಒಳಗಿಳಿದು ಒಂದು ಗೆರೆ ತಿಂದು ಹೋಯಿತೆಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕೈದು ಅಕ್ಷರ ಒಟ್ಟಿಗೆ ಸಾಯುತ್ತವೆ. ವೈರಸ್ ಬಂದಿದೆ ಎಂದುಕೊಂಡೇ ಬರುತ್ತಿದ್ದವರೆಷ್ಟೋ ಮಂದಿ. ಟೀ ಚೆಲ್ಲಿದ್ದನ್ನು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಕೀಬೋರ್ಡ್ ಎತ್ತಿದಾಗ ಕೆಳಗೆ ಅಂಟಂಟಾದ ಕಂದು ಕಲೆ ಕಂಡರೂ ‘ನಮ್ಮನೇಲಿ ಯಾರೂ ಟೀ ಕುಡಿಯಲ್ಲ’ ಎಂದವರಿದ್ದಾರೆ.

ಸತ್ತ ಗುಂಡಿಗಿಂತ ತಾನಾಗಿ ಒತ್ತಿಕೊಳ್ಳುವ ಗುಂಡಿ ದೊಡ್ಡ ಪೀಡೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಚುಕ್ಕಿಗಳು ತಾವೇ ಓಡುತ್ತಿರುತ್ತವೆ, ಒಳಗೇ ಹೋಗಲಾಗುವುದಿಲ್ಲ. ‘ನನ್ನ ಪಾಸ್‌ವರ್ಡಲ್ಲಿ ಎಸ್ ಎರಡು ಸಲ ಬರುತ್ತೆ’ ಎಂದು ಕೌಂಟರಿನ ಮುಂದೆ ಪಿಸುಗುಟ್ಟಿ, ಆಮೇಲೆ ಪೂರ್ತಿ ಪಾಸ್‌ವರ್ಡೇ ಹೇಳಿಬಿಡುತ್ತಿದ್ದರು. ಎಷ್ಟೋ ಜನರ ಮಕ್ಕಳ ಹೆಸರು, ಮನೆದೇವರ ಹೆಸರು ನನಗೆ ಗೊತ್ತಾದದ್ದು ಹೀಗೆ.

ಚಾಮರಾಜಪೇಟೆ ಕಡೆಯಿಂದ ಡಿಟಿಪಿ ಮಾಡುವವರು ಬರುತ್ತಿದ್ದರು. ಅವರ ಯಂತ್ರಗಳಲ್ಲಿ ಸವೆತದ ಜಾಗವೇ ಬೇರೆ. ಇಂಗ್ಲಿಷ್ ಹೊಡೆಯುವವರ ಕೀಬೋರ್ಡಿನಲ್ಲಿ ‘ಇ’, ‘ಎ’ಗಳ ಬಣ್ಣ ಹೋಗಿದ್ದರೆ ಇವರದ್ದರಲ್ಲಿ ‘ಎಫ್’ ಬೋಳು. ನುಡಿ ತಂತ್ರಾಂಶ ಬಳಸುವ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಅಕ್ಷರಕ್ಕೆ ಒತ್ತು ಕೂಡಿಸುವುದೇ ಆ ಗುಂಡಿ. ಅದು ಕೈಕೊಟ್ಟರೆ ಲಗ್ನಪತ್ರಿಕೆ ‘ಲಗನಪತರಿಕೆ’ಯಾಗುತ್ತದೆ, ಮೇಲಿನ ಶ್ರೀ ‘ಶರೀ’ ಆಗುತ್ತದೆ. ಶಿಫ್ಟ್ ಹೋದರೆ ಇನ್ನೂ ಮೋಜು, ಹಳ್ಳಿಗಳೆಲ್ಲ ಹಲ್ಲಿಗಳು. ಆಷಾಢ ಕಳೆದು ಮದುವೆಯ ದಿನಗಳು ಶುರುವಾದವೆಂದರೆ ಅವರಿಗೆ ಒಂದು ದಿನವೂ ಯಂತ್ರ ಬಿಟ್ಟಿರಲಾಗುತ್ತಿರಲಿಲ್ಲ. ಅಂಥವರ ಪುಣ್ಯಕ್ಕೆ ಕೀಬೋರ್ಡ್ ಬೆಲೆ ಏಳೆಂಟು ನೂರರ ಆಸುಪಾಸಿನಲ್ಲಿತ್ತು, ಕೂಲಿ ಅದರ ಕಾಲುಭಾಗ.

ಬದಲಾವಣೆ ಸದ್ದಿಲ್ಲದೆ ಬಂತು. ಇಂಟೆಲ್ 2011ರಲ್ಲಿ ಅಲ್ಟ್ರಾಬುಕ್ ಎಂಬ ಮಾತು ಹೊರಡಿಸಿದ ಮೇಲೆ ಎಲ್ಲ ಕಂಪನಿಗಳಿಗೂ ಯಂತ್ರವನ್ನು ತೆಳ್ಳಗೆ ಮಾಡುವ ಹಟ ಹತ್ತಿತು. ನಮ್ಮ ಬೆಂಚಿಗೆ ಬಂದ ಹೊಸ ಯಂತ್ರಗಳ ಬೆನ್ನು ನುಣ್ಣಗಿತ್ತು, ಗುರುತುಗಳಿಲ್ಲ. ಕೀಬೋರ್ಡ್ ಎಲ್ಲಿಂದ ಏಳುತ್ತದೆ ಎಂದು ಮೇಲೆಲ್ಲ ತಡಕಾಡಿದರೆ ಅದು ಏಳುವುದೇ ಇಲ್ಲ, ಒಳಗಿನಿಂದ ಕೂರಿಸಿದ್ದಾರೆ. ತಳದ ಮುಚ್ಚಳ ತೆಗೆದು, ಬ್ಯಾಟರಿ ಕಳಚಿ, ಫ್ಯಾನು, ಬೋರ್ಡು, ಟಚ್‌ಪ್ಯಾಡಿನ ಪಟ್ಟಿ, ಸ್ಪೀಕರು ಎಲ್ಲವನ್ನೂ ಹೊರಗಿಟ್ಟ ಮೇಲೆ ಕೊನೆಗೆ ಕೀಬೋರ್ಡಿನ ಬೆನ್ನು ಕಾಣುತ್ತದೆ. ಅಲ್ಲಿ ಸ್ಕ್ರೂ ಇಲ್ಲ. ಮೇಲ್ಕವಚದ ಪ್ಲಾಸ್ಟಿಕ್ ಕಡ್ಡಿಗಳನ್ನು ಕಾಯಿಸಿ ಒತ್ತಿ, ತಲೆ ಚಪ್ಪಟೆ ಮಾಡಿ ಬಿಗಿದಿದ್ದಾರೆ. ಅಂಥ ರಿವೆಟ್‌ಗಳು ಹತ್ತಿಪ್ಪತ್ತಕ್ಕೆ ಮುಗಿಯುವುದಿಲ್ಲ.

ಅವುಗಳ ತಲೆಯನ್ನು ಒಂದೊಂದಾಗಿ ಬ್ಲೇಡಿನಿಂದ ಕೆತ್ತಿ, ಹೊಸ ಕೀಬೋರ್ಡ್ ಕೂರಿಸಿ, ಉಳಿದ ಮೊಂಡುಕಡ್ಡಿಗಳನ್ನು ಸೋಲ್ಡರಿಂಗ್ ಐರನ್ನಿನಿಂದ ಮತ್ತೆ ಕರಗಿಸಿ ಅಂಟಿಸುವುದನ್ನು ಭಾಯ್ ತಾವೇ ಕಂಡುಕೊಂಡರು. ಬೀದಿಯ ಬೇರೆ ಬೆಂಚುಗಳಲ್ಲೂ ಅದೇ ಕಾಲಕ್ಕೆ ಅದೇ ಉಪಾಯ ಹೊಳೆದಿತ್ತು. ಆದರೆ ಕೆತ್ತಿದ ಕಡ್ಡಿ ಗಿಡ್ಡವಾಗಿರುತ್ತದೆ, ಪೂರ್ತಿ ಹಿಡಿಯುವುದಿಲ್ಲ. ಟೈಪ್ ಮಾಡುವಾಗ ನಡುಭಾಗ ಹಳೆಯ ಮಂಚದ ಹಾಗೆ ಕುಣಿಯುತ್ತದೆ. ಕೆಲವರು ಅಂಟು ಸುರಿದು ಗಟ್ಟಿ ಮಾಡುತ್ತಿದ್ದರು. ಆ ಯಂತ್ರ ಮುಂದೆ ನಮ್ಮ ಕೈಗೆ ಬಂದರೆ ನಾವು ಯಾರಿಗೋ ಶಾಪ ಹಾಕುತ್ತಿದ್ದೆವು. ಇನ್ನೊಂದು ದಾರಿ, ಮೇಲ್ಕವಚವನ್ನೇ ಇಡಿಯಾಗಿ ಬದಲಿಸುವುದು. ಅದರ ಬೆಲೆ ಬರೀ ಕೀಬೋರ್ಡಿನ ಬೆಲೆಯ ಹಲವು ಪಟ್ಟು.

ಕೌಂಟರಿನ ಮಾತು ಬದಲಾದದ್ದು ಅಲ್ಲಿಂದ. ‘ಬಿಟ್ಟು ಹೋಗಿ ಸಾರ್, ಬಿಚ್ಚಿ ನೋಡಿ ಫೋನ್ ಮಾಡ್ತೀವಿ’ ಎನ್ನುವುದು ಶುರುವಾಯಿತು. ಗಿರಾಕಿಯ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಕೆಟ್ಟಿರುವುದು ಒಂದು ಗುಂಡಿ, ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಅರ್ಧ ಯಂತ್ರದ ಬೆಲೆ ಹೇಳಿದರೆ ಎದುರಿಗಿರುವವನು ಕಳ್ಳನ ಹಾಗೆ ಕಾಣದೆ ಇನ್ನು ಹೇಗೆ ಕಂಡಾನು? ಮೊದಲು ನಾವು ಯಂತ್ರ ಬಿಚ್ಚಿ ತೋರಿಸಿ ನಂಬಿಸುತ್ತಿದ್ದೆವು. ಈಗ ಬಿಚ್ಚುವುದಕ್ಕೇ ಅರ್ಧ ದಿನ, ತೋರಿಸುವುದೇನನ್ನು? ದುರಸ್ತಿಯವನ ಮೇಲಿನ ನಂಬಿಕೆ ಕುಸಿದದ್ದಕ್ಕೆ ನಮ್ಮ ಬೀದಿಯ ಮೋಸಗಳೂ ಕಾರಣ ಎಂದು ಒಪ್ಪುತ್ತೇನೆ. ಆದರೆ ಹೆಚ್ಚಿನ ಪಾಲು ಆ ರಿವೆಟ್‌ಗಳದ್ದು.

ಈ ಗೋಳು ಜಗತ್ತಿಗೆಲ್ಲ ಗೊತ್ತಾದದ್ದು ಆಪಲ್‌ನಿಂದ. 2015ರ ಹನ್ನೆರಡು ಇಂಚಿನ ಮ್ಯಾಕ್‌ಬುಕ್‌ನಲ್ಲಿ ಆ ಕಂಪನಿ ಬಟರ್‌ಫ್ಲೈ ಎಂಬ ಹೊಸ ರಚನೆಯ ಕೀಬೋರ್ಡ್ ತಂದಿತು, ಮರುವರ್ಷ ಮ್ಯಾಕ್‌ಬುಕ್ ಪ್ರೋಗೂ ಹಾಕಿತು. ಗುಂಡಿ ಕೆಳಗಿಳಿಯುವ ಆಳ ಸುಮಾರು ಅರ್ಧ ಮಿಲಿಮೀಟರ್. ಒಳಗೆ ಒಂದು ಧೂಳಿನ ಕಣ ಸೇರಿದರೂ ಅಲುಗಾಡಲು ಎಡೆಯಿಲ್ಲ. ಒಂದು ಸಲ ಒತ್ತಿದರೆ ಅಕ್ಷರ ಎರಡು ಬೀಳುವುದು, ಇಲ್ಲವೇ ಬೀಳದೇ ಇರುವುದು. ಕಂಪನಿಯ ಸಲಹಾಪುಟದಲ್ಲಿದ್ದ ಪರಿಹಾರ ಓದಿ ನಮ್ಮ ಅಂಗಡಿಯಲ್ಲಿ ನಕ್ಕಿದ್ದೆವು: ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು ಒತ್ತಡದ ಗಾಳಿಯ ಡಬ್ಬಿಯಿಂದ ಊದಬೇಕು, ಆಮೇಲೆ ಬಲಕ್ಕೆ ತಿರುಗಿಸಿ ಊದಬೇಕು, ಎಡಕ್ಕೆ ತಿರುಗಿಸಿ ಊದಬೇಕು. ಭಾಯ್ ಬ್ಲೋಯರ್ ಎತ್ತಿಕೊಂಡು, ಕೋನಮಾಪಕ ಎಲ್ಲಿದೆ ಎಂದು ಕೇಳಿದರು.

ಕೊನೆಗೆ 2018ರ ಜೂನ್‌ನಲ್ಲಿ, ಕೊಂಡ ದಿನದಿಂದ ನಾಲ್ಕು ವರ್ಷದವರೆಗೆ ಉಚಿತ ದುರಸ್ತಿ ಎಂದು ಆಪಲ್ ಘೋಷಿಸಿತು. ಅದೇ ವರ್ಷದ ಹೊಸ ಮಾದರಿಗಳಲ್ಲಿ ಗುಂಡಿಗಳ ಕೆಳಗೆ ಸಿಲಿಕೋನ್ ಪೊರೆ ಬಂತು. ಆಗಲೂ ದೂರು ನಿಲ್ಲಲಿಲ್ಲ. 2019ರ ಮಾರ್ಚಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಅಂಕಣಕಾರ್ತಿ ಜೋಆನಾ ಸ್ಟರ್ನ್ ತಮ್ಮ ಲೇಖನವನ್ನು ‘ಇ’, ‘ಆರ್’ ಅಕ್ಷರಗಳು ಬಿಟ್ಟುಹೋದ ಹಾಗೆಯೇ ಪ್ರಕಟಿಸಿದರು. ನಮ್ಮ ಚಾಮರಾಜಪೇಟೆಯವರ ಲಗನಪತರಿಕೆಗೆ ಅಮೆರಿಕದ ಅಕ್ಕ! ಆ ವರ್ಷದ ಕೊನೆಗೆ ಹದಿನಾರು ಇಂಚಿನ ಮಾದರಿಯಲ್ಲಿ ಬಟರ್‌ಫ್ಲೈಗೆ ಮೊದಲಿದ್ದ ಕತ್ತರಿ ರಚನೆಯೇ ಮರಳಿತು, 2020ರ ಮೇ ಹೊತ್ತಿಗೆ ಬಟರ್‌ಫ್ಲೈ ಪೂರ್ತಿ ಹೋಯಿತು. ಅಮೆರಿಕದ ಗ್ರಾಹಕರು ಹೂಡಿದ್ದ ಮೊಕದ್ದಮೆಯಲ್ಲಿ ಆಪಲ್ 2022ರಲ್ಲಿ ಐದು ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ಹಣ ಅಲ್ಲಿನ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ. ಬೆಂಗಳೂರಿನಲ್ಲಿ ಕೊಂಡವರಿಗೆ ಅದರಲ್ಲಿ ಚಿಕ್ಕಾಸೂ ಇರಲಿಲ್ಲ.

ಆ ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ಧೂಳಲ್ಲ. ಆ ಯಂತ್ರಗಳಲ್ಲಿ ಕೀಬೋರ್ಡನ್ನು ಮೇಲ್ಕವಚಕ್ಕೆ ರಿವೆಟ್ ಹಾಕಿ, ಬ್ಯಾಟರಿಯನ್ನು ಅದೇ ಕವಚಕ್ಕೆ ಅಂಟಿಸಿದ್ದರು. ಹಾಗಾಗಿ ಕೀಬೋರ್ಡ್ ಬದಲಿಸಬೇಕೆಂದರೆ ಕವಚ, ಕೀಬೋರ್ಡು, ಚೆನ್ನಾಗಿರುವ ಬ್ಯಾಟರಿ ಮೂರೂ ಒಟ್ಟಿಗೆ ಹೋಗುತ್ತಿದ್ದವು. ಬದಲಿಗೆ ಬಂದದ್ದೂ ಬಟರ್‌ಫ್ಲೈ ಜಾತಿಯದ್ದೇ. ಕಂಪನಿ ತನ್ನ ದುಡ್ಡು ಹಾಕಿಕೊಂಡು ಮಾಡಿಕೊಟ್ಟಿತು, ನಿಜ. ಕಂಪನಿಯ ದುಡ್ಡಿಲ್ಲದ ಕಡೆ, ವಾರಂಟಿ ಮುಗಿದ ನೂರಾರು ಬೇರೆ ಮಾದರಿಗಳಲ್ಲಿ, ಅದೇ ವಿನ್ಯಾಸದ ಬಿಲ್ ಗಿರಾಕಿಯ ಕೈಗೆ ಬರುತ್ತದೆ.

ಅಂಥವರ ದೂರು ಕೇಳುವುದು ನನ್ನ ಕೆಲಸದ ಭಾಗವಾಯಿತು. ಯಾವುದೋ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ, ಟೋಕನ್ ಹಿಡಿದು ಕೂತು, ‘ಲಿಕ್ವಿಡ್ ಡ್ಯಾಮೇಜ್’ ಎಂದು ಬರೆಸಿಕೊಂಡು ಬಂದಿರುತ್ತಿದ್ದರು. ಆ ಎರಡು ಪದ ಚೀಟಿಯಲ್ಲಿ ಬಿದ್ದರೆ ವಾರಂಟಿ ಮುಗಿದ ಹಾಗೆ. ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ತಾವು ಯಂತ್ರದ ಹತ್ತಿರ ನೀರಿನ ಬಾಟಲಿಯನ್ನೂ ಇಡುವುದಿಲ್ಲ ಎಂದು ಆಣೆ ಮಾಡಿದರು. ಬಿಚ್ಚಿ ನೋಡಿದೆವು. ಒಳಗಿನ ಬಿಳಿ ಪಟ್ಟಿ ತೇವಕ್ಕೆ ಕೆಂಪಾಗುವಂಥದ್ದು, ಅದು ಬೆಳ್ಳಗೇ ಇತ್ತು. ಆದರೆ ನಮ್ಮ ಮಾತಿಗೆ ಸರ್ವಿಸ್ ಸೆಂಟರಿನಲ್ಲಿ ಬೆಲೆಯೆಲ್ಲಿ? ನಾವು ಮುಚ್ಚಳ ತೆಗೆದದ್ದೇ ಇನ್ನೊಂದು ತಪ್ಪಾಗಬಹುದಿತ್ತು. ಅವರು ಫೋಟೊ ತೆಗೆದುಕೊಂಡು ಮತ್ತೆ ಅಲ್ಲಿಗೇ ಹೋದರು. ಏನಾಯಿತೋ, ವಾಪಸ್ ಬರಲಿಲ್ಲ.

2020ರ ಲಾಕ್‌ಡೌನ್ ನಮ್ಮನ್ನು ಒಂದಷ್ಟು ದಿನ ಹಳೆಯ ಕಾಲಕ್ಕೆ ಎಳೆದೊಯ್ದಿತು. ಮಕ್ಕಳಿಗೆ ಆನ್‌ಲೈನ್ ಪಾಠ, ಹೊಸ ಲ್ಯಾಪ್‌ಟಾಪ್ ಸಿಗುತ್ತಿಲ್ಲ, ಚೀನಾದ ಪಾರ್ಟ್ಸ್ ಬರುತ್ತಿಲ್ಲ. ಬಾಗಿಲು ತೆರೆಯಲು ಬಿಟ್ಟ ಕೂಡಲೇ ಅಟ್ಟದ ಮೇಲಿದ್ದ ಯಂತ್ರಗಳೆಲ್ಲ ಬೀದಿಗೆ ಬಂದವು. ಬೆನ್ನ ಮೇಲೆ ಕೀಬೋರ್ಡಿನ ಗುರುತಿದ್ದವೇ ಹೆಚ್ಚು. ಅಷ್ಟರಲ್ಲಿ ಕೀಬೋರ್ಡ್ ಅಂಗಡಿಗಳ ರ‍್ಯಾಕುಗಳಲ್ಲಿ ಸಿಸಿಟಿವಿ ಕ್ಯಾಮೆರಾಗಳು ಕೂತಿದ್ದವು. ಎರಡು ಕೆಟ್ಟ ಕೀಬೋರ್ಡುಗಳಿಂದ ಒಂದು ಒಳ್ಳೆಯದನ್ನು ಕಟ್ಟುವುದನ್ನು ನಾನು ಕಲಿತದ್ದು ಆಗ. ಒಂದರ ಹಾಳೆ, ಇನ್ನೊಂದರ ಗುಂಡಿ. ಭಾಯ್ ಊರಿಗೆ ಹೋದವರು ಮತ್ತೆ ಬರಲೇ ಇಲ್ಲ. ಅವರಿದ್ದಿದ್ದರೆ ಕೈ ಇನ್ನೂ ಬೇಗ ಓಡುತ್ತಿತ್ತು.

ಈಗ ಆ ಬೀದಿಯಲ್ಲಿ ಎರಡು ವ್ಯಾಪಾರ ಒಟ್ಟೊಟ್ಟಿಗೆ ನಡೆಯುತ್ತಿವೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳನ್ನು ಒರೆಸಿ ಮಾರುವ ಅಂಗಡಿಗಳನ್ನು ಡಿಟಿಪಿಯವರು ಹುಡುಕಿಕೊಂಡು ಬರುತ್ತಾರೆ, ಕೀಬೋರ್ಡ್ ಸುಲಭವಾಗಿ ಬಿಚ್ಚುವ ಹಳೆಯ ಮಾದರಿಯೇ ಬೇಕೆಂದು ಕೇಳುತ್ತಾರೆ. ಪಕ್ಕದಲ್ಲಿ ಗೇಮ್ ಆಡುವ ಹುಡುಗರು ಟೇಬಲ್ ಮೇಲಿನ ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳುತ್ತಾರೆ. ಅವುಗಳ ಕೆಲವು ಮಾದರಿಗಳಲ್ಲಿ ಗುಂಡಿಯಡಿಯ ಸ್ವಿಚ್ಚನ್ನು ಒಂದೊಂದಾಗಿ ಚಿಮಟದಲ್ಲಿ ಕಿತ್ತು, ಬೇಕಾದ ಸದ್ದಿನದ್ದನ್ನು ಸಿಕ್ಕಿಸಬಹುದು. ಶೋಕಿಗೆ ಸಾಧ್ಯವಾದದ್ದು ಹೊಟ್ಟೆಪಾಡಿನ ಯಂತ್ರಕ್ಕೆ ಯಾಕೆ ಆಗದು ಎಂದು ಕೇಳಿದರೆ, ತೆಳ್ಳಗಿರಬೇಕಲ್ಲ ಎನ್ನುತ್ತಾರೆ. ನನ್ನ ಗಿರಾಕಿಗಳಲ್ಲಿ ಯಾರೂ ಲ್ಯಾಪ್‌ಟಾಪ್ ದಪ್ಪವಾಯಿತು ಎಂದು ರಿಪೇರಿಗೆ ತಂದದ್ದಿಲ್ಲ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು, ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ವಸ್ತು, ವಾಹನಗಳಿಂದ ಶುರು ಮಾಡಿದ್ದಾರೆ. ನಮ್ಮ ಕೌಂಟರಿನಲ್ಲಿ ಅದರ ಹೆಸರೆತ್ತಿದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ.

ಮೊನ್ನೆ ಒಬ್ಬ ಹುಡುಗ ತೆಳ್ಳನೆಯ ಯಂತ್ರ ತಂದ. ಸ್ಪೇಸ್‌ಬಾರ್ ಸತ್ತಿತ್ತು. ಮೇಲ್ಕವಚದ ಬೆಲೆ ಹೇಳಿದೆ. ಕ್ಯಾಲ್ಕುಲೇಟರಿನಲ್ಲಿ ಏನೋ ಲೆಕ್ಕ ಹಾಕಿಕೊಂಡ.

‘ಬೇಡ ಬಿಡಿ ಅಣ್ಣ. ಅಲ್ಲಿ ನೇತು ಹಾಕಿದ್ದೀರಲ್ಲ ವೈರ್ ಇರೋ ಕೀಬೋರ್ಡು, ಅದೆಷ್ಟು?’

‘ನಾನೂರೈವತ್ತು.’

‘ಮುನ್ನೂರೈವತ್ತಕ್ಕೆ ಕೊಡಿ.’

ನಾನೂರಕ್ಕೆ ಕೊಟ್ಟೆ.